ರೋಣದಾಗ ನಮ್ಮವರ ಸಾಲಿ

ಸಾಲಿ ನಡೆಸುವವರ ಮನೆಯಲ್ಲಿ ನಗೆಯ ಸಂಗತಿಗಳು ನಿಲ್ಲುವುದೇ ಇಲ್ಲ. ಇವತ್ತು ನಗುವ ದಿನವಲ್ಲ, ಬಾಯಿ ಮುಚ್ಚಿಕೊಂಡಿರಬೇಕು ಅಂದುಕೊಂಡ ದಿನವೇ ಏನಾದರೊಂದು ನಡೆದುಬಿಡುತ್ತದೆ. ನಮ್ಮ ಮನೆಯವರು ರೋಣದಲ್ಲಿ ಸಾಲಿ ತೆರೆದಾಗಿನಿಂದ ಇಂಥವು ಎಷ್ಟೋ ಆಗಿವೆ. ನೆನಪಿದ್ದಷ್ಟು ಹೇಳುತ್ತೇನೆ.

ಹತ್ತಿಯ ಕೋಣೆ

ನಮ್ಮವರ ಹುಟ್ಟೂರು ನರಗುಂದ. ಕನ್ನಡ, ಮರಾಠಿ ಎರಡೂ ಓದಿ ಬರೆಯಬಲ್ಲವರು. ಧಾರವಾಡದಲ್ಲಿದ್ದು ಇಂಗ್ರಜಿಯನ್ನೂ ಒಂದಿಷ್ಟು ಕಲಿತು ಬಂದಿದ್ದರು. ಅದು ಗೊತ್ತಾಗಿ ರೋಣದ ಹತ್ತಿ ಸಾವಕಾರರು ಕರೆಸಿಕೊಂಡರು. "ನಮ್ಮೂರಾಗ ಐಗಳ ಮಠ ಐತ್ರಿ. ಮಳಲಾಗ ತಿದ್ದಿ, ಮಗ್ಗಿ ಒಪ್ಪಿಸಿದ್ರ ಅಲ್ಲಿ ಮುಗೀತು. ನಮ್ಮ ಹುಡುಗ್ರು ಧಾರವಾಡದ ಇಂಗ್ರಜಿ ಸಾಲಿಗೆ ಹೋಗೂವಂಗ ತಯಾರ ಮಾಡ್ರಿ" ಅಂದರು. ಜಾಗ ಎಲ್ಲಿ ಅಂದರೆ ತಮ್ಮ ಹತ್ತಿ ತುಂಬುವ ಕೋಣೆಯನ್ನೇ ಬಿಟ್ಟುಕೊಟ್ಟರು. ಅದರ ಹಿಂದಿನ ಕೋಣೆಯಲ್ಲಿ ನಮ್ಮ ಸಂಸಾರ.

ಅರ್ಧ ಕೋಣೆಯಲ್ಲಿ ಹತ್ತಿ, ಅರ್ಧದಲ್ಲಿ ಹುಡುಗರು. ನಮ್ಮವರು ಜೋರಾಗಿ ಪಾಠ ಹೇಳಿದರೆ ಎಳೆ ಹಾರಿ ಬಾಯಿಗೇ ಹೋಗುತ್ತಿತ್ತು. ಸಾಲಿ ತೆರೆದ ದಿನ ಸಂಜೆ ಊರ ಗೌಡರ ತಾಯಿ ಕೋಲು ಊರಿಕೊಂಡು, ಮೊಮ್ಮಗನ ಕೈಹಿಡಿದು ಬಂದರು. ಮುದುಕಿಗೆ ಕಣ್ಣು ಮಂಜು. ಬಾಗಿಲಲ್ಲೇ ಅಳಲಿಕ್ಕೆ ಸುರು ಮಾಡಿದರು.

"ಏ ಪಂತೋಜಿ, ಮುಂಜಾನಿ ಕರೇ ತಲಿ ಹುಡುಗನ್ನ ಕಳಿಸಿದ್ನೆಪಾ. ಒಂದ ದಿನದಾಗ ಓದಿಸಿ ಓದಿಸಿ ತಲಿ ಬೆಳ್ಳಗ ಮಾಡೀಯಲ್ಲೋ! ಇನ್ನ ಇವಗ ಹೆಣ್ಣ ಯಾರ ಕೊಡತಾರ?"

ನಮ್ಮವರು ಹುಡುಗನ ತಲೆಯಿಂದ ಹತ್ತಿಯ ಎಳೆ ಬಿಡಿಸಿ ಮುದುಕಿಯ ಅಂಗೈಯಲ್ಲಿಟ್ಟರು. ಆಕೆ ಅದನ್ನು ಹೊಸಕಿ ನೋಡಿ ಸಮಾಧಾನದ ಉಸಿರುಬಿಟ್ಟರು.

"ಹಂಗಾರ ವಿದ್ಯಾ ಇನ್ನೂ ಒಳಗ ಹೋಗಿಲ್ಲ ಅನ್ನು. ತಲೀ ಮ್ಯಾಲೇ ಕುಂತೈತಿ."

ಬಾಗಿಲು ಯಾವ ಕಡೆ

ವರ್ಷ ತಿರುಗುವುದರೊಳಗೆ ಹುಡುಗರು ಹೆಚ್ಚಿದರು. ಸವಡಿಯಿಂದ ದಿನಾಲು ನಡೆದು ಬರುವವರಿದ್ದರು. ಗಜೇಂದ್ರಗಡದ ನೇಕಾರರೊಬ್ಬರು ಇಬ್ಬರು ಮಕ್ಕಳನ್ನು ರೋಣದ ಬೀಗರ ಮನೆಯಲ್ಲಿಟ್ಟು ಕಳಿಸತೊಡಗಿದರು. ಸುಗ್ಗಿ ಬಂದರೆ ಹತ್ತಿಗೂ ಜಾಗ ಸಾಲದು, ಹುಡುಗರಿಗೂ ಸಾಲದು. ಆಗ ಊರಿನವರೇ ಕೂಡಿ ಸಾಲಿಗೆ ಬೇರೆ ಮನೆ ಕಟ್ಟಬೇಕೆಂದು ನಿಶ್ಚಯಿಸಿದರು.

ಗೌಡರು ಜಾಗ ಕೊಟ್ಟರು. ಸಾವಕಾರರು ತೊಲೆ ಕೊಟ್ಟರು. ಗಜೇಂದ್ರಗಡದ ಗುಡ್ಡದ ಕಲ್ಲು ಬಂಡಿಗಳ ಮೇಲೆ ಬಂತು. ಪಿಂಜಾರರು, ಬಡಿಗರು, ಒಕ್ಕಲಿಗರು ಅನ್ನದೆ ಎಲ್ಲರೂ ಕೆಲಸಕ್ಕೆ ನಿಂತರು. ನಾವು ಹೆಂಗಸರು ನೀರು ಹೊತ್ತು ಮಣ್ಣು ತುಳಿದೆವು. ಪಾಯ ನೆಲದ ಮಟ್ಟಕ್ಕೆ ಬರುವವರೆಗೆ ಊರು ಒಂದೇ ಮನೆಯಂತಿತ್ತು. ಆಮೇಲೆ ಯಾರೋ ಬಾಗಿಲು ಯಾವ ಕಡೆ ಇಡುವುದು ಅಂತ ಕೇಳಿದರು.

ಗೌಡರ ಓಣಿಯವರು ಮೂಡಲಕ್ಕೆ ಅಂದರು. ಪೇಟೆಯವರು ತೆಂಕಲಕ್ಕೆ ಇರಲಿ ಅಂದರು. ಪಿಂಜಾರ ಓಣಿಯವರು, "ನಮ್ಮ ಹುಡುಗ್ರು ಊರ ಸುತ್ತ ಹಾಕ್ಕೊಂಡ ಬರಬೇಕೇನ್ರಿ?" ಅಂತ ಪಡುವಲಕ್ಕೆ ಕೈ ತೋರಿಸಿದರು. ಮಾತಿಗೆ ಮಾತು ಬೆಳೆಯಿತು. ಬಂಡಿ ನಿಂತವು, ಮಣ್ಣು ಒಣಗಿತು. ಇನ್ನು ಈ ಗೋಡೆ ಏಳುವುದಿಲ್ಲ, ನಾವು ನರಗುಂದಕ್ಕೆ ಗಂಟು ಕಟ್ಟುವುದೇ ಅಂತ ನಾನು ತಿಳಿದೆ. ನಮ್ಮವರು ಒಂದು ಮುಂಜಾನೆ ಕೋಲಿನಿಂದ ನೆಲದ ಮೇಲೆ ಮೂರು ಕಡೆ ಗೆರೆ ಎಳೆದು, "ಮೂರು ಕಡೇನೂ ಇಡ್ರಿ" ಅಂದರು. ಮತ್ತೆ ಬಂಡಿ ಹೊರಟವು.

ಸಾಲಿ ಸುರುವಾಯಿತು. ನಮ್ಮವರು ಒಂದು ಬಾಗಿಲ ಕಡೆ ತಿರುಗಿದರೆ ಉಳಿದೆರಡರಿಂದ ಹುಡುಗರು ಜಾರುತ್ತಿದ್ದರು. ಪಾಪ, ನಡುವೆ ಮಣೆ ಹಾಕಿಕೊಂಡು ದಿನವೆಲ್ಲ ತಿರುಗುತ್ತ ಪಾಠ ಹೇಳುತ್ತಿದ್ದರು. ಒಮ್ಮೆ ಗೌಡರು ಬಂದು ಗತ್ತಿನಿಂದ, "ಪಂತೋಜ್ಯಾರ, ಖರೇ ಹೇಳ್ರಿ, ಯಾವ ಬಾಗಲದಿಂದ ಹುಡುಗ್ರು ಹೆಚ್ಚ ಬರತಾರ?" ಅಂತ ಕೇಳಿದರು.

ನಮ್ಮವರು ಹಣೆ ಒರೆಸಿಕೊಂಡು, "ಬರೂದು ಮೂರರಿಂದನೂ ಅಷ್ಟಕ್ಕಷ್ಟ ನೋಡ್ರಿ ಗೌಡ್ರ. ಹೋಗೂದು ಮಾತ್ರ ಮೂರರಿಂದನೂ ಭರಪೂರ" ಅಂದರು.

ಹೊಳೆ ಎಲ್ಲಿ ಹುಟ್ಟುತ್ತದೆ

ಆ ವರ್ಷ ಮಲಪ್ರಭೆ ದಂಡೆ ಮೀರಿ ಬಂದಳು. ಹೊಳೆಆಲೂರಿನ ಕಡೆ ಹೊಲಗಳು ನೀರೊಳಗಿದ್ದವು. ಮೆಣಸಗಿಯ ಒಬ್ಬ ಹೆಣ್ಣುಮಗಳು ಮಗನನ್ನು ಕರೆದುಕೊಂಡು ನಮ್ಮ ಅಂಗಳಕ್ಕೆ ಬಂದಳು. ಮನೆ ಹೋಗಿತ್ತು, ದನ ಹೋಗಿದ್ದವು. ದನ ಬಿಚ್ಚಲು ಹೋದ ಗಂಡ ತಿರುಗಿ ಬಂದಿರಲಿಲ್ಲ. "ನಾ ತವರಮನಿಗೆ ಹೊಂಟೀನ್ರಿ ಅವ್ವಾರ. ಅಣ್ಣನ ಮ್ಯಾಲೆ ಇಬ್ಬರ ಭಾರ ಹಾಕಲಾರೆ. ಇವಗ ನಾಕ ಅಕ್ಷರ ಕಲಸ್ರಿ" ಅಂದಳು. ಹುಡುಗ ನಮ್ಮ ಮನೆಯಲ್ಲೇ ಉಳಿದ. ಮಾತು ಕಡಿಮೆ. ಮಳೆ ಬಂದರೆ ಎದ್ದು ಹೋಗಿ ಹೊಸ್ತಿಲ ಮೇಲೆ ಕೂಡುತ್ತಿದ್ದ.

ಎರಡು ವರ್ಷದ ಮೇಲೆ, ಧಾರವಾಡದ ಸಾಲಿಗೆ ಸೇರಿಸುವ ಹೊತ್ತಿಗೆ ನಮ್ಮವರು ಹುಡುಗರನ್ನು ಬಂಡಿಯಲ್ಲಿ ಕರೆದುಕೊಂಡು ಹೋದರು. ಮೆಣಸಗಿ ಹುಡುಗನೂ ಹೋದ. ಅಲ್ಲಿ ನಡೆದದ್ದನ್ನು ನಮ್ಮವರೇ ತಿರುಗಿ ಬಂದು ಹೇಳಿದರು. ಪರೀಕ್ಷೆ ಮಾಡುವ ಪಂಡಿತರು ಪುಣೆಯ ಕಡೆಯವರು, ಕೇಳುವುದೆಲ್ಲ ಮರಾಠಿಯಲ್ಲಿ. ಲೆಕ್ಕ ಕೇಳಿದರು, ಹುಡುಗ ಹೇಳಿದ. ಓದಿಸಿದರು, ಓದಿದ. ಕಡೆಗೆ, ಮಲಪ್ರಭಾ ನದಿ ಎಲ್ಲಿ ಹುಟ್ಟುತ್ತದೆ ಅಂತ ಕೇಳಿದರು. ಅದು ನಮ್ಮವರು ಹತ್ತು ಸಲ ಹೇಳಿಕೊಟ್ಟ ಪಾಠ. ಹುಡುಗ ಮರಾಠಿಯನ್ನು ಬಿಟ್ಟು ಕನ್ನಡದಲ್ಲೇ ಹೇಳಿದ.

"ಎಲ್ಲಿ ಹುಟ್ಟತಾಳೋ ಗೊತ್ತಿಲ್ರಿ. ಬರೂದು ಮಾತ್ರ ನಮ್ಮ ಮನ್ಯಾಗ ಬರತಾಳ್ರಿ."

ಸುತ್ತ ಕುಳಿತವರು ಗೊಳ್ಳನೆ ನಕ್ಕರು. ಪಂಡಿತರು ಮಾತು ತಿಳಿಯದೆ ನಮ್ಮವರ ಮುಖ ನೋಡಿದರು. ನಮ್ಮವರು ಮರಾಠಿಯಲ್ಲಿ ಮೊದಲು ಮಾತು, ಆಮೇಲೆ ಅದರ ಹಿಂದಿನ ಕತೆ ಹೇಳಿದರು. ಪಂಡಿತರು ಲೇಖಣಿ ಕೈಗೆ ತೆಗೆದುಕೊಂಡು, "ಇವನನ್ನು ಸೇರಿಸಿಕೊಳ್ಳಿ. ಇವನು ನದಿಯನ್ನು ನಮಗಿಂತ ಹತ್ತಿರದಿಂದ ಬಲ್ಲ" ಅಂದರಂತೆ.

ನಮ್ಮ ಸಾಲಿಯಿಂದ ಧಾರವಾಡಕ್ಕೆ ಸೇರಿದ ಮೊದಲನೆಯವನು ಅವನೇ. ಸುದ್ದಿ ಕೇಳಿ ಸಾವಕಾರರಿಗೆ ಹೊಟ್ಟೆಕಿಚ್ಚು. ಅವರ ಮಗ ಅಲ್ಲಿ ನಪಾಸಾಗಿದ್ದ. "ಏನ್ ಮಾಡೂದ್ರಿ ಪಂತೋಜ್ಯಾರ, ನಮ್ಮ ಹುಡುಗನ ನಸೀಬದಾಗ ಒಂದ ಹಳ್ಳನೂ ಇಲ್ಲ" ಅಂದರು.

ಪಿಂಜಾರನ ಬಿಲ್ಲು

ಆಮೇಲೆ ಕೆಟ್ಟ ಕಾಲ ಬಂತು. ಉತ್ತರದ ಕಡೆ ದಂಗೆ ಎದ್ದಿದೆ ಅನ್ನುವ ಸುದ್ದಿ. ಎಲ್ಲರೂ ಹತ್ಯಾರ ತಂದು ಒಪ್ಪಿಸಬೇಕೆಂದು ಸರಕಾರದ ಡಂಗುರ. ರೈತರ ಮನೆಯ ಹಳೆಯ ಕತ್ತಿ, ಭರ್ಚಿ ಎಲ್ಲ ಚಾವಡಿಯ ಮುಂದೆ ಗುಂಪಿಯಾಗಿ ಬಿದ್ದವು. ಅಜ್ಜ ಮುತ್ತಜ್ಜರ ಕಾಲದ ಕತ್ತಿ ಕೊಟ್ಟು ಬಂದ ಗಂಡಸರು ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದರು.

ಸಿಪಾಯಿಗಳು ಮನೆ ಮನೆ ಹುಡುಕುತ್ತ ನಮ್ಮ ಸಾಲಿಯ ಪಡುವಲ ಬಾಗಿಲ ಎದುರಿನ ಪಿಂಜಾರನ ಮನೆ ಹೊಕ್ಕರು. ಅವನ ಹತ್ತಿ ಹಿಂಜುವ ಬಿಲ್ಲು ಗೋಡೆಗೆ ತೂಗುಹಾಕಿತ್ತು. ಆಳೆತ್ತರದ ಬಿಲ್ಲು. ಹವಾಲ್ದಾರ ಈ ಸೀಮೆಯವನಲ್ಲ, ಎಂದೂ ಅಂಥದ್ದನ್ನು ನೋಡಿರಲಿಲ್ಲ. "ಇಷ್ಟು ದೊಡ್ಡ ಬಿಲ್ಲು! ಬಾಣ ಎಲ್ಲಿ ಬಚ್ಚಿಟ್ಟಿದ್ದೀ?" ಅಂತ ಗದರಿಸಿ ಹೊತ್ತುಕೊಂಡು ಹೋದ.

ಬಿಲ್ಲು ಹೋದರೆ ಆ ಮನೆಯ ಒಲೆ ಉರಿಯುವುದಿಲ್ಲ. ಪಿಂಜಾರ ನಮ್ಮವರ ಕಾಲಿಗೆ ಬಿದ್ದ. ಅವನ ಮಗ ನಮ್ಮ ಸಾಲಿಯ ಹುಡುಗ. ನಾನು ಬೇಡವೆಂದರೂ ಕೇಳದೆ ನಮ್ಮವರು ಅವನನ್ನು ಕರೆದುಕೊಂಡು ಚಾವಡಿಗೆ ಹೋದರು. ಇದು ಕೆಲಸದ ಬಿಲ್ಲು ಅಂತ ಎಷ್ಟು ತಿಳಿಸಿ ಹೇಳಿದರೂ ಹವಾಲ್ದಾರ ನಂಬಲಿಲ್ಲ. "ಹಾಗಾದರೆ ಮಾಡಿ ತೋರಿಸು" ಅಂದ.

ಪಿಂಜಾರ ಅಲ್ಲೇ ಕುಳಿತು, ಮನೆಯಿಂದ ಹತ್ತಿ ತರಿಸಿ ಹರವಿ ಬಿಲ್ಲಿನ ಹುರಿಗೆ ಬಡಿಗೆ ಕೊಟ್ಟ. ಹೊಟ್ಟೆಯ ಸಂಕಟ ಕೈಗೆ ಬಂದಿತ್ತೋ ಏನೋ, ಝೇಂಕಾರ ಊರಿಗೆಲ್ಲ ಕೇಳಿಸಿತು. ಚಾವಡಿಯ ತುಂಬ ಹತ್ತಿಯ ಮೋಡ. ಸಿಪಾಯಿಗಳ ಮೀಸೆ, ಅಂಗಿ, ಬಂದೂಕಿನ ಬಾಯಿ ಎಲ್ಲ ಬಿಳುಪು. ಹವಾಲ್ದಾರ ಸೀನಿ ಸೀನಿ ಕಣ್ಣಲ್ಲಿ ನೀರು ತಂದುಕೊಂಡು ಹೊರಗೆ ಓಡಿದ. ಅಲ್ಲಿಂದಲೇ ಕೂಗಿದ.

"ತಗೊಂಡು ಹೋಗೋ! ಇದು ಹತ್ಯಾರವೇ ಹೌದು. ಆದರೆ ಸರಕಾರಕ್ಕೆ ಬೇಡ!"

ಹೋಗುವಾಗ ಅವನು, ಈ ಪಂತೋಜಿ ಎಲ್ಲಿಯವನು ಅಂತ ಕೇಳಿ ತಿಳಿದುಕೊಂಡು ಹೋದ. ಯಾರೋ ಮುಗ್ಧರು, "ನರಗುಂದದವ್ರರಿ" ಅಂದರು. ಆಗ ಅದು ದೊಡ್ಡ ಮಾತಾಗಿರಲಿಲ್ಲ.

ಚಾವಡಿಯ ಸಾಕ್ಷಿ

ನರಗುಂದದ ಅರಸರು ಸರಕಾರದ ಮೇಲೆ ತಿರುಗಿಬಿದ್ದ ಗಲಾಟೆ ನಡೆದು ಮುಗಿದ ಮೇಲೆ ಅದು ಪ್ರಾಣದ ಮಾತಾಯಿತು. ಅಲ್ಲಿ ಏನಾಯಿತೆಂದು ನಾನು ಹೇಳಬೇಕಿಲ್ಲ. ಅಲ್ಲಿಂದ ನಡೆದು ನಮ್ಮ ಮನೆಗೆ ಬಂದ ಅತ್ತೆಯವರು ಎಷ್ಟೋ ದಿನ ಮಾತೇ ಆಡಲಿಲ್ಲ. ಇಟ್ಟ ತಾಟಿನ ಮುಂದೆ ಸುಮ್ಮನೆ ಕುಳಿತಿರುತ್ತಿದ್ದರು.

ರೋಣಕ್ಕೆ ಒಬ್ಬ ಬಿಳಿ ಸಾಹೇಬ, ಅವನ ಮಾತು ಕನ್ನಡಕ್ಕೆ ತಿರುಗಿಸುವ ದುಭಾಷಿ, ಹಿಂದೆ ಸಿಪಾಯಿಗಳು ಬಂದರು. ನಮ್ಮವರನ್ನು ಮನೆಯಿಂದ ಕರೆದೊಯ್ದರು. ನರಗುಂದದ ಮನುಷ್ಯ ಇಲ್ಲಿ ಹುಡುಗರನ್ನು ಕೂಡಿಸಿ ಏನು ಕಲಿಸುತ್ತಿದ್ದಾನೆ ಅನ್ನುವುದೇ ಅವರ ಸಂಶಯ. ಯಾವ ಕಡೆಯಿಂದ ಹಿಡಿಯಲು ಬಂದರೂ ಓಡಿಹೋಗುವಂತೆ ಸಾಲಿಗೆ ಮೂರು ಬಾಗಿಲು ಯಾಕೆ ಅಂತ ಬೇರೆ. ಹಾಗೆ ಹೋದವರಲ್ಲಿ ತಿರುಗಿ ಬಾರದವರಿದ್ದರು. ನಾನು ಉಳಿದ ಹೆಂಗಸರ ಜೊತೆ ಚಾವಡಿಯ ಪಕ್ಕದ ಬೇವಿನ ಗಿಡದ ಹಿಂದೆ ನಿಂತಿದ್ದೆ. ಪಿಂಜಾರನ ಹೆಂಡತಿ ನನ್ನ ರಟ್ಟೆ ಹಿಡಿದುಕೊಂಡಿದ್ದಳು.

ಮೊದಲು ಗೌಡರನ್ನು ಕೇಳಿದರು. ಗೌಡರು ಒಳ್ಳೆಯದು ಮಾಡಲೆಂದೇ ಎದೆ ಉಬ್ಬಿಸಿ, "ಪಂತೋಜ್ಯಾರು ಭಾಳ ಚಲೋ ಕಲಸತಾರ್ರಿ. ಹುಡುಗ್ರು ಹುಲಿ ಆಗ್ಯಾರ್ರಿ!" ಅಂದರು.

ದುಭಾಷಿ ಹುಲಿಯನ್ನು ಹಾಗೇ ಸಾಹೇಬನಿಗೆ ಹೇಳಿರಬೇಕು. ಸಾಹೇಬನ ಹುಬ್ಬು ಗಂಟಾಯಿತು. ಸಾವಕಾರರು ಪೇಟೆಯಲ್ಲಿ ಮುಖ ನೋಡಿ ಬೆಲೆ ಹೇಳುವವರು. ಥಟ್ಟನೆ ಮುಂದೆ ಬಂದರು.

"ಗೌಡ್ರ ಮಾತ ಕೇಳಬ್ಯಾಡ್ರಿ ಸಾಹೇಬ್ರ. ಇವರು ಏನೂ ಕಲಸೂದಿಲ್ರಿ. ನನ್ನ ಮಗನ್ನ ನೋಡ್ರಿ, ಧಾರವಾಡದಾಗ ನಪಾಸ!"

ಗೌಡರಿಗೂ ಆಗ ತಿಳಿಯಿತು. "ಹೌದ್ರಿ, ಹುಲಿ ಅಂದ್ರ... ತಿನ್ನೂದ್ರಾಗರಿ" ಅಂದರು.

ಅಲ್ಲಿಂದ ಸಾಲು ಹತ್ತಿತು. ಪಿಂಜಾರ, "ನನ್ನ ಮಗಗ ಅವನ ಹೆಸರ ಬರಿಯಾಕ ಬರೂದಿಲ್ರಿ" ಅಂದ. ಅದು ಶುದ್ಧ ಸುಳ್ಳು, ಆ ಹುಡುಗನ ಅಕ್ಷರ ಮುತ್ತಿನಂತೆ. ಸವಡಿಯವರು, "ಹುಡುಗ್ರು ಇದ್ದದ್ದೂ ಮರತಾರ್ರಿ" ಅಂದರು. ಹಾಗಾದರೆ ಒಬ್ಬ ಧಾರವಾಡಕ್ಕೆ ಹೇಗೆ ಸೇರಿದ ಅಂತ ಸಾಹೇಬ ಕೇಳಿಸಿದ. "ಅಂವಾ ಮೆಣಸಗ್ಯಾಂವರಿ. ಬರೂಮುಂದನ ಶಾಣ್ಯಾ ಇದ್ನರಿ" ಅಂದರು ಎಲ್ಲರೂ ಕೂಡಿ.

ನಮ್ಮವರು ತಲೆ ತಗ್ಗಿಸಿ ನಿಂತಿದ್ದರು. ಕಿವಿ ಕೆಂಪಾಗಿದ್ದು ನನಗೆ ಅಷ್ಟು ದೂರದಿಂದಲೂ ಕಂಡಿತು.

ಸಾಹೇಬ ಕಡೆಗೆ ಗೌಡರ ಮಗನನ್ನು ಕರೆದು, ಏಳೆಂಟಲಿ ಎಷ್ಟು ಅಂತ ಕೇಳಿಸಿದ. ಹುಡುಗ ಅಪ್ಪನ ಮುಖ ನೋಡಿದ. ಅಪ್ಪ ಕಣ್ಣು ಮಿಟುಕಿಸಿದರು. ಹುಡುಗ, "ಗೊತ್ತಿಲ್ರಿ" ಅಂದ.

ಅಲ್ಲಿಯವರೆಗೆ ಎಲ್ಲ ನುಂಗಿಕೊಂಡಿದ್ದ ನಮ್ಮವರಿಗೆ ಇದನ್ನು ಮಾತ್ರ ನುಂಗಲಾಗಲಿಲ್ಲ. ಎರಡು ಕಡೆ ಸಿಪಾಯಿಗಳು ನಿಂತಿದ್ದಾರೆ ಅನ್ನುವುದನ್ನೂ ಮರೆತು, "ಲೇ, ಐವತ್ತಾರು ಅಂತ ಎಷ್ಟ ಸರ್ತಿ ಬಡಕೊಂಡೇನಲೋ!" ಅಂತ ಕಿರಿಚಿದರು.

ಗೌಡರು ತಲೆ ಮೇಲೆ ಕೈಯಿಟ್ಟುಕೊಂಡರು. ದುಭಾಷಿ ಅದನ್ನೂ ತಿರುಗಿಸಿ ಹೇಳಿದ. ಸಾಹೇಬ ನಮ್ಮವರನ್ನು ಮೇಲಿಂದ ಕೆಳಗೆ ನೋಡಿದ, ಹುಡುಗನನ್ನು ನೋಡಿದ, ಆಮೇಲೆ ಬಿದ್ದು ಬಿದ್ದು ನಕ್ಕ. ದುಭಾಷಿಗೆ ಏನೋ ಹೇಳಿ ಎದ್ದ. ದುಭಾಷಿ ನಮಗೆ ತಿಳಿಸಿದ.

"ಇಂಥ ಪಂತೋಜಿಯಿಂದ ಸರಕಾರಕ್ಕೆ ಏನೂ ಭಯವಿಲ್ಲ, ಬಿಟ್ಟುಬಿಡಿ ಅನ್ನುತ್ತಾರೆ ಸಾಹೇಬರು."

ಮನೆಗೆ ಬಂದವರು ಊಟಕ್ಕೆ ಏಳಲಿಲ್ಲ. ಕಂಬಕ್ಕೆ ಒರಗಿ ಕುಳಿತು, "ಇಷ್ಟ ವರ್ಷ ಗಂಟಲಾ ಹರಕೊಂಡೆ. ಒಬ್ರಾದ್ರೂ ನಮ್ಮ ಹುಡುಗ ಅಕ್ಷರ ಕಲತಾನ ಅನ್ನಲಿಲ್ಲ" ಅಂದರು. "ಅಂದಿದ್ರ ನೀವು ಈಗ ಈ ಕಂಬಕ್ಕ ಒರಗಿ ಕೂಡತಿದ್ದಿಲ್ಲ" ಅಂದೆ. ನನಗೆ ಅಳು ತಡೆಯಲಿಲ್ಲ. ಅಷ್ಟು ದಿನ ಮಾತಾಡದಿದ್ದ ಅತ್ತೆಯವರು ಮೂಲೆಯಿಂದ, "ಏಳಪಾ, ಉಣ್ಣು" ಅಂದರು. ನಮ್ಮವರು ಎದ್ದರು.

ಮರುದಿನ ಮುಂಜಾನೆ ಸಾಲಿಗೆ ಯಾರೂ ಬರಲಿಕ್ಕಿಲ್ಲ ಅಂದುಕೊಂಡು ಹೋದರೆ ಅಂಗಳದ ತುಂಬ ಜನ. ಹಳೆಯ ಹುಡುಗರಲ್ಲದೆ ಅಂಜಿ ಇಷ್ಟು ದಿನ ಮಕ್ಕಳನ್ನು ಕಳಿಸದೆ ಇದ್ದವರೂ ಕೈಹಿಡಿದುಕೊಂಡು ಬಂದಿದ್ದರು. ಎಲ್ಲರ ಮುಂದೆ ಗೌಡರು, ಅವರ ಬಗಲಲ್ಲಿ ಸಣ್ಣ ಮಗ.

"ಇವನ್ನೂ ಹಾಕ್ಕೋರಿ ಪಂತೋಜ್ಯಾರ" ಅಂದರು.

ನಮ್ಮವರ ಸಿಟ್ಟು ಇನ್ನೂ ಇಳಿದಿರಲಿಲ್ಲ. "ನಾ ಏನೂ ಕಲಸೂದಿಲ್ಲಂತ ನಿನ್ನೆ ಸಾಹೇಬನ ಮುಂದ ಹೇಳಿ ಬಂದೀರಿ. ಮತ್ತ ಯಾಕ ಕಳಸತೀರಿ?"

ಗೌಡರು ಹತ್ತಿರ ಸರಿದು, ದನಿ ಇಳಿಸಿ ಹೇಳಿದರು.

"ಅದಕ್ಕರಿ. ಇಲ್ಲಿ ಏನೂ ಕಲಸೂದಿಲ್ಲಂತ ಈಗ ಸರಕಾರನ ಒಪ್ಪೈತಿ. ಇನ್ನ ಅಂಜಿಕಿಲ್ಲದ ಕಲಸ್ರಿ!"