ಪೆನ್‌ಫೋಲ್ಡ್ ಸಾಹೇಬರ ಇಲ್ಲದ ಮಗಳಿಗೆ ಒಂದು ಸೀಟು

ಹೇಸ್, ಲಂಡನ್, ಆಗಸ್ಟ್ ೨೦೦೩

ಕಾಲೇಜಿನ ಮಾನ್ಯ ಪ್ರವೇಶಾಧಿಕಾರಿಗಳಿಗೂ ಅವರ ಪಕ್ಕದ ಕೋಣೆಯಲ್ಲೇ ಕೂರುವ ಹಳೆಯ ವಿದ್ಯಾರ್ಥಿ ಸಂಘದ ಕಾರ್ಯದರ್ಶಿಗಳಿಗೂ ರತ್ನಾಬಾಯಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ನನ್ನ ಅಕ್ಷರ ಸೊಟ್ಟಗಿದೆ, ಕಾಗುಣಿತವೂ ಅಲ್ಲಲ್ಲಿ ತಪ್ಪಿರಬಹುದು. ಕಲಬುರ್ಗಿ ಕಡೆಯ ಹಳ್ಳಿಯಲ್ಲಿ ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟು, ಮದುವೆಯಾಗಿ ಇಲ್ಲಿಗೆ ಬಂದವಳು, ಮನ್ನಿಸಬೇಕು. ಎದುರು ನಿಂತು ಮಾತಾಡಲು ನನಗೆ ಸಂಕೋಚ. ಆದ್ದರಿಂದ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ತಾವು ಕನ್ನಡ ಓದಲಾರಿರಿ ಎಂಬುದೇ ನನ್ನ ಧೈರ್ಯ.

ಮೊದಲು ತಮ್ಮ ಮಮತೆಗೆ ವಂದನೆ. ನಾವು ಬಾಡಿಗೆಗಿರುವ ಮನೆಯಲ್ಲಿ ಹಿಂದೆ ಪೆನ್‌ಫೋಲ್ಡ್ ಎಂಬ ತಮ್ಮ ಹಳೆಯ ವಿದ್ಯಾರ್ಥಿ ಇದ್ದರು. ಅವರು ಮನೆ ಬಿಟ್ಟು ಆರು ವರ್ಷವಾದರೂ ಹುಟ್ಟುಹಬ್ಬದ ಕಾರ್ಡು, ಕ್ರಿಸ್‌ಮಸ್ಸಿನ ಕ್ಯಾಲೆಂಡರು, ವರ್ಷಕ್ಕೆರಡು ಸಲ ಕಾಲೇಜಿನ ಪತ್ರಿಕೆ ನಮ್ಮ ಬಾಗಿಲ ಕಿಂಡಿಯಿಂದ ತಪ್ಪದೆ ಒಳಗೆ ಬೀಳುತ್ತವೆ. ‘ಅವರು ಇಲ್ಲಿಲ್ಲ’ ಎಂದು ಬರೆದು ನಾಲ್ಕು ಸಲ ಹಿಂದಿರುಗಿಸಿದೆವು. ಅಂಥ ಮಾತನ್ನು ನಂಬದಷ್ಟು ದೊಡ್ಡದು ತಮ್ಮ ಪ್ರೀತಿ.

ನನ್ನ ನಾದಿನಿ ಮಹಾನಂದಾ ಇಲ್ಲಿನ ಶಾಲೆಯ ಕೊನೆಯ ಪರೀಕ್ಷೆಯಲ್ಲಿ ಒಂಬತ್ತು ವಿಷಯ ಬರೆದು ಎಂಟರಲ್ಲಿ ‘ಎ’ ಪಡೆದವಳು. ತಮ್ಮಲ್ಲಿ ವಿಜ್ಞಾನ ಓದಿ ಡಾಕ್ಟರಾಗಬೇಕೆಂಬುದು ಅವಳ ಒಂದೇ ಹಟ. ತಮ್ಮ ಅರ್ಜಿಯಲ್ಲಿದ್ದ ‘ಕುಟುಂಬದವರು ಯಾರಾದರೂ ಇಲ್ಲಿ ಓದಿದ್ದಾರೆಯೇ’ ಎಂಬ ಪ್ರಶ್ನೆಗೆ, ಬುದ್ಧಿಗೇಡಿ, ಇದ್ದದ್ದನ್ನೇ ಬರೆದಳು: ಇಲ್ಲ. ಕಳೆದ ಗುರುವಾರ ಒಂದೇ ಟಪಾಲಿನಲ್ಲಿ ತಮ್ಮ ಎರಡು ಪತ್ರ ಬಂದವು. ತೆಳ್ಳಗಿನದು ಅವಳಿಗೆ: ಹಳೆಯ ವಿದ್ಯಾರ್ಥಿಗಳ ಕುಟುಂಬದವರಿಗೆ ಕೊಟ್ಟ ಮೇಲೆ ಸೀಟು ಉಳಿದಿಲ್ಲ, ವಿಷಾದಿಸುತ್ತೇವೆ. ದಪ್ಪಗಿನದು ಪೆನ್‌ಫೋಲ್ಡರಿಗೆ: ತಮಗೆ ಮಗನೋ ಮಗಳೋ ಇದ್ದರೆ ಒಂದು ಸಾಲು ಬರೆಯಿರಿ, ಸೀಟು ಕಾದಿರಿಸುತ್ತೇವೆ.

ಪಕ್ಕದ ಮನೆಯ ಅಜ್ಜಿ ಹೇಳುವಂತೆ ಆ ಸಾಹೇಬರು ಮದುವೆಯನ್ನೇ ಆಗಿಲ್ಲ.

“ಹುಟ್ಟಲಾರ್ದ ಇದ್ದಿದ್ರ ನಂಗೂ ಸೀಟ್ ಸಿಗ್ತಿತ್ ನೋಡ್ರಿ ವೈನಿ,” ಎಂದು ನಕ್ಕ ಮಹಾನಂದಾ ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು. ಗೋದಾಮಿನ ಪಾಳಿ ಮುಗಿಸಿ ಬಂದ ಮಾವ ಜಗದೇವಪ್ಪನವರು ಬೂಟು ಬಿಚ್ಚುತ್ತಾ, “ಆ ಸಾಹೇಬ ಮನಿ ಬಿಡೂ ಮುಂದ ಒಂದ್ ಮಾತ್ ಹೇಳಿದ್ರ, ಈಕಿನ್ನ ದತ್ತಕ ಕೊಟ್ಟೇ ಬಿಡ್ತಿದ್ದೆ,” ಎಂದರು.

ತಮ್ಮ ಪದ್ಧತಿಯಲ್ಲಿ ದೋಷ ಹುಡುಕುವಷ್ಟು ನಾನು ಓದಿದವಳಲ್ಲ. ಅಪ್ಪ ಕೂತ ಬೆಂಚಿನ ಜ್ಞಾನ ಮಗುವಿನ ರಕ್ತಕ್ಕೆ ಇಳಿಯುವ ಬಗೆಯನ್ನು ವಿಜ್ಞಾನ ಕಲಿಸುವ ತಾವೇ ಬಲ್ಲಿರಿ. ನನ್ನ ಕೋರಿಕೆ ಸಣ್ಣದು. ತಮ್ಮ ಪ್ರೀತಿಯೆಲ್ಲ ಈ ವಿಳಾಸಕ್ಕೇ ಬರುತ್ತಿರುವುದರಿಂದ ಮನೆಯನ್ನೇ ಹಳೆಯ ವಿದ್ಯಾರ್ಥಿಯೆಂದು ಒಪ್ಪಿ, ಇದರೊಳಗೆ ಬೆಳೆದವಳಿಗೆ ಸೀಟು ಕೊಡಬೇಕು. ಅದು ಆಗದಿದ್ದರೆ, ಪೆನ್‌ಫೋಲ್ಡರ ಮಗಳು ಹುಟ್ಟಿ ದೊಡ್ಡವಳಾಗುವ ತನಕ ಅವಳ ಕುರ್ಚಿಯಲ್ಲಿ ಮಹಾನಂದಾಳನ್ನು ಕೂರಿಸಿರಿ. ಆಕೆ ಬಾಗಿಲಲ್ಲಿ ಕಾಣಿಸಿಕೊಂಡ ಕೂಡಲೇ ಇವಳು ಎದ್ದು ಜಾಗ ಬಿಡುತ್ತಾಳೆ, ಅದಕ್ಕೆ ನಾನು ಹೊಣೆ.

ವಿಶ್ವಾಸಕ್ಕೆ ಬೇರೆ ಜಾಗ ಸಿಗುವವರೆಗೆ ತಮ್ಮ ವಿಶ್ವಾಸಿ,
ರತ್ನಾಬಾಯಿ

ಮರೆತ ಮಾತು: ತಮ್ಮ ಕಾಲೇಜಿನಲ್ಲಿ ಶನಿವಾರ ಊರವರಿಗಾಗಿ ನಡೆಸುವ ಹೂ ಜೋಡಿಸುವ ತರಗತಿಗೆ ಯಾವ ಓದೂ ಬೇಡವಂತೆ, ಆರು ವಾರ ಮುಗಿಸಿದವರ ಹೆಸರು ಹಳೆಯ ವಿದ್ಯಾರ್ಥಿಗಳ ಪಟ್ಟಿಗೆ ಸೇರುತ್ತದಂತೆ. ಮಹಾನಂದಾ ಮುಂದಿನ ವರ್ಷ ಮತ್ತೆ ಅರ್ಜಿ ಹಾಕುವವಳಿದ್ದಾಳೆ. ಇಂದು ಬೆಳಿಗ್ಗೆ ಬಸ್ಸು ಹತ್ತಿ ಬಂದು, ತಮ್ಮ ಕಚೇರಿಯ ಕಿಟಕಿಯ ಮುಂದೆ ತಲೆ ತಗ್ಗಿಸಿಕೊಂಡೇ ಆ ಹೂವಿನ ತರಗತಿಗೆ ನನ್ನ ಹೆಸರು ಬರೆಸಿದೆ.