ಹಾರ್ಮೋನಿಯಂ ಕುರಿತು ಜನಾಭಿಪ್ರಾಯ

ಜನರ ಮನಸ್ಸಿನಲ್ಲಿ ಏನಿದೆ ಎಂದು ಪತ್ತೆ ಹಚ್ಚುವುದು ನನ್ನ ಕಸುಬು. ಸುಳ್ಳಲ್ಲ, ಅದಕ್ಕೇ ನನಗೆ ಸಂಬಳ ಕೊಡುತ್ತಾರೆ. ದಾವಣಗೆರೆಯಲ್ಲಿ ರಾಜಕೀಯ ಮನೋವಿಜ್ಞಾನ ಮತ್ತು ಜನಾಭಿಪ್ರಾಯ ಎಂಬ ವಿಷಯವನ್ನು ಪಾಠ ಮಾಡುವ ಪ್ರೊಫೆಸರ್ ನಾನು. ಜನ ಯಾಕೆ ಓಟು ಹಾಕುತ್ತಾರೆ, ಯಾಕೆ ಸಿಟ್ಟಾಗುತ್ತಾರೆ, ಪಕ್ಕದ ಮನೆಯವರನ್ನು ಯಾಕೆ ಸಹಿಸಿಕೊಳ್ಳುತ್ತಾರೆ ಎಂಬುದೆಲ್ಲ ನನಗೆ ಗೊತ್ತು. ಹೆಂಡತಿ ಯಾಕೆ ಸಿಟ್ಟಾಗುತ್ತಾಳೆ ಎಂಬುದು ಮಾತ್ರ ಪಠ್ಯಕ್ರಮದಲ್ಲಿಲ್ಲ.

ನಮ್ಮ ಕ್ಷೇತ್ರದ ಬಗ್ಗೆ ಒಂದು ಮಾತು ಹೇಳಬೇಕು. ಎಲ್ಲರಿಗೂ ಗೊತ್ತಿರುವ ಸಂಗತಿಯನ್ನು ಯಾರಿಗೂ ಗೊತ್ತಾಗದ ಹಾಗೆ ಹೇಳುವವನು ಇಲ್ಲಿ ವಿದ್ವಾಂಸ. ಹೇಳಿದ್ದು ತನಗೂ ಗೊತ್ತಾಗದಿದ್ದರೆ ಅವನು ವಿಭಾಗದ ಮುಖ್ಯಸ್ಥ. ನಾನು ಮುಖ್ಯಸ್ಥನೂ ಆಗಿದ್ದವನು.

ಹೋದ ಬೇಸಿಗೆಯಲ್ಲಿ ಒಂದು ವಿಚಾರ ಸಂಕಿರಣಕ್ಕೆ ಕರೆ ಬಂತು. ನಗರದ ಜನರ ಸಹಿಷ್ಣುತೆಯ ಬಗ್ಗೆ ಪ್ರಬಂಧ ಬೇಕಂತೆ. ಹಿಂದೆ ಇಂಥದ್ದಕ್ಕೇ ಹರಿಹರದ ಕಡೆ ಕೊಕ್ಕನೂರಿಗೆ ಹೋಗಿದ್ದೆ. ನನ್ನನ್ನು ಯಾವುದೋ ಯೋಜನೆಯ ಸಾಹೇಬ ಎಂದುಕೊಂಡು ಕೂರಿಸಿ ಚಹಾ ಕೊಟ್ಟರು. ಸರ್ಕಾರದ ಮೇಲೆ ನಂಬಿಕೆ ಇದೆಯೇ ಎಂದು ಕೇಳಿದೆ. "ಹೌದ್ರಿ." ನಂಬಿಕೆ ಇಲ್ಲವೇ? "ಹೌದ್ರಿ." ಇದನ್ನು "ಗ್ರಾಮೀಣ ಮತದಾರನ ಸಂಕೀರ್ಣ ಮನೋಭಾವ" ಎಂದು ಕರೆದು ಪ್ರಬಂಧ ಬರೆದೆ. ಅದಕ್ಕೆ ಬಡ್ತಿಯೂ ಸಿಕ್ಕಿತು. ಈ ಸಲ ಬಿಸಿಲು ಜಾಸ್ತಿ ಇತ್ತು. ಊರೂರು ಅಲೆಯುವುದೇಕೆ, ನಮ್ಮ ಬೀದಿಯಲ್ಲೇನು ಜನ ಇಲ್ಲವೇ ಎನ್ನಿಸಿತು.

ನಮ್ಮ ಬೀದಿಯ ಸಹಿಷ್ಣುತೆಗೆ ಉದಾಹರಣೆ ನನ್ನ ಮನೆಯಲ್ಲೇ ಇತ್ತು. ನನ್ನ ಹೆಂಡತಿ ಗಿರಿಜಾ ಸಂಜೆ ಹೊತ್ತು ಮುಂದಿನ ಕೋಣೆಯಲ್ಲಿ ಬೀದಿಯ ಮಕ್ಕಳಿಗೆ ಹಾಡು ಕಲಿಸುತ್ತಾಳೆ. ವಚನ, ತತ್ವಪದ, ಜನಪದ ಗೀತೆ, ಜೊತೆಗೆ ಒಂದು ಹಳೆಯ ಹಾರ್ಮೋನಿಯಂ. ಮದುವೆಯಾದ ಹೊಸದರಲ್ಲಿ ಹರಿಹರದ ಶಾಲೆಯೊಂದರಲ್ಲಿ ಸಂಗೀತದ ಟೀಚರಾಗಿದ್ದವಳು ನನ್ನ ಸಂಶೋಧನೆಯ ತಿರುಗಾಟದ ದೆಸೆಯಿಂದ ಆ ಕೆಲಸ ಬಿಟ್ಟಳು. ಆಮೇಲೆ ಉಳಿದದ್ದು ಈ ಪಾಠ ಒಂದೇ. ಅದರ ಮೇಲೆ ಅವಳ ಜೀವ. ಆ ಬೇಸಿಗೆಯಲ್ಲಿ ಹರಿಹರದಿಂದ, ಅಂದರೆ ಅವಳ ತವರಿನಿಂದ, ಮಕ್ಕಳನ್ನು ಕರೆತಂದು ಕಾರ್ಯಕ್ರಮ ಕೊಡಿ ಎಂದು ಮೊದಲ ಸಲ ಆಹ್ವಾನ ಬಂದಿತ್ತು. ಎದುರು ಮನೆಯ ರೆಹಾನಾ ಮತ್ತು ಮುಜೀಬ್ ದಂಪತಿಯ ಮಗಳು ತಬಸ್ಸುಮ್ ಮುಂದಾಳಾಗಿ ಹಾಡಬೇಕಿತ್ತು. ಇಡೀ ಗುಂಪಿನಲ್ಲಿ ಶ್ರುತಿ ಬಿಡದೆ ಹಾಡುವ ಕೊರಳು ಅದೊಂದೇ. ಉಳಿದ ಮಕ್ಕಳು ಅವಳ ಹಿಂದೆ ಅಡಗಿಕೊಂಡು ಹಾಡುತ್ತಿದ್ದರು.

ಪಾಠದ ಬಗ್ಗೆ ಬೀದಿಯವರ ಅಭಿಪ್ರಾಯ ಸಂಗ್ರಹಿಸುತ್ತೇನೆ ಎಂದಾಗ ಗಿರಿಜಾ ಹಾರ್ಮೋನಿಯಂ ಒರೆಸುತ್ತಿದ್ದಳು.

"ಯಾರಾರ ಏನಾರ ಅಂದ್ರೇನು?"

"ಇಲ್ಲ."

"ಮತ್ಯಾಕ ಕೇಳ್ತೀರಿ?"

"ಹೇಳಿಲ್ಲವೆಂದರೆ ಅಭಿಪ್ರಾಯ ಇಲ್ಲವೆಂದಲ್ಲ. ಅದು ಸುಪ್ತವಾಗಿರುತ್ತದೆ."

"ಸುಪ್ತವಾಗೇ ಇರ್ಲಿ ಬಿಡ್ರಿ. ಮಲಗಿದ್ದನ್ನ ಯಾಕ ಎಬ್ಬಿಸ್ತೀರಿ? ಹರಿಹರದ್ದು ಮುಗಿಯೋ ತನಕ ಆದ್ರೂ ಸುಮ್ನಿರ್ರಿ."

ನಾನು ನಕ್ಕೆ. ವಿಜ್ಞಾನಕ್ಕೆ ಮನೆಯಲ್ಲೇ ವಿರೋಧ ಹುಟ್ಟುವುದು ಹೊಸದೇನಲ್ಲ. ಅಲ್ಲದೆ ನನಗೊಂದು ಒಳ್ಳೆಯ ಉದ್ದೇಶವೂ ಇತ್ತು. ಬೀದಿಯವರೆಲ್ಲ ಪಾಠವನ್ನು ಮೆಚ್ಚುತ್ತಾರೆ ಎಂದು ಅಂಕಿಅಂಶ ಸಮೇತ ಸಾಬೀತು ಮಾಡಿ ಅವಳ ಕೈಗಿಡಬೇಕು. ಬೇರೆ ಗಂಡಂದಿರು ಸೀರೆ ಕೊಡಿಸುತ್ತಾರೆ.

ಮೊದಲು ಹೋದದ್ದು ಪಕ್ಕದ ಮನೆಯ ಬಸವರಾಜಪ್ಪನವರಲ್ಲಿಗೆ. ಹತ್ತಿ ವ್ಯಾಪಾರ ಮಾಡಿ ದಣಿದು ಕೂತ ಹಿರಿಯರು, ಬೀದಿಗೆಲ್ಲ ದೊಡ್ಡವರು. ಅವರ ಮೊಮ್ಮಕ್ಕಳೂ ಗಿರಿಜಾ ಹತ್ತಿರವೇ ಹಾಡು ಕಲಿಯುತ್ತಿದ್ದರು. ನಾನು ಗಂಟಲು ಸರಿಪಡಿಸಿಕೊಂಡು ಗಟ್ಟಿಯಾಗಿ ಓದಿದೆ: "ಸಂಜೆ ನಡೆಯುವ ಸಂಗೀತ ತರಗತಿಯಿಂದ ನಿಮಗೆ ಎಷ್ಟು ತೊಂದರೆಯಾಗುತ್ತದೆ? ಇಲ್ಲವೇ ಇಲ್ಲ, ಸ್ವಲ್ಪ, ಸಾಧಾರಣ, ಬಹಳ, ಸಹಿಸಲಸಾಧ್ಯ."

"ತೊಂದ್ರೆನಾ?" ಅವರು ಯೋಚನೆಗೆ ಬಿದ್ದರು. "ನಾನು ಅದನ್ನ ಗಮನಿಸಿಲ್ಲ ಸಾರ್. ತಡೀರಿ, ನಿಮ್ಮಂಥ ಓದಿದವ್ರು ಕೇಳಿದ ಮ್ಯಾಲೆ ಬಾಯಿಗೆ ಬಂದಂಗೆ ಹೇಳಬಾರ್ದು. ಇವತ್ತು ಕೇಳಿ ನಾಳೆ ಹೇಳ್ತೀನಿ."

ಅವರಿಗೆ ಕಿವಿ ಮಂದ. ಮಗ ತಂದುಕೊಟ್ಟ ಕಿವಿಯ ಮಿಷನ್ನು ಕಿರಿಕಿರಿ ಎಂದು ಬೀರುವಿನಲ್ಲಿ ಇಟ್ಟಿದ್ದರು. ಆ ಸಂಜೆ ಅದನ್ನು ಹೊರತೆಗೆದು ಹಾಕಿಕೊಂಡು, ನಮ್ಮ ಕಾಂಪೌಂಡಿಗೆ ಕುರ್ಚಿ ತಾಗಿಸಿ, ಪಾಠ ಶುರುವಾದಾಗಿಂದ ಮುಗಿಯುವ ತನಕ ಕೂತರು. ಬೆಳಿಗ್ಗೆ ನನ್ನನ್ನು ಕರೆದರು.

"ಬರ್ರಿ ಸಾರ್, ಬರಕಳ್ರಿ. ಬಹಳ ತೊಂದ್ರೆ ಐತೆ."

ಆಗಲೇ ನಾನು ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕಿತ್ತು. ಹೋಗಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಖುಷಿಯಾಯಿತು. ಎಲ್ಲರೂ "ತೊಂದರೆ ಇಲ್ಲ" ಎಂದುಬಿಟ್ಟರೆ ಪ್ರಬಂಧದಲ್ಲಿ ಬರೆಯುವುದೇನು? ಭಿನ್ನಾಭಿಪ್ರಾಯವೇ ನಮ್ಮ ಅನ್ನ.

ಅದೇ ಹುರುಪಿನಲ್ಲಿ ಬೀದಿಯ ಉಳಿದ ಮನೆಗಳನ್ನೂ ಸುತ್ತಿ, ಕೊನೆಗೆ ಎದುರು ಮನೆಗೆ ಹೋದೆ. ರೆಹಾನಾ ಚಹಾ ತಂದಿಟ್ಟು, "ಮಗಳು ನಿದ್ದೇಲೂ ಹಾಡ್ತಾಳೆ ಸಾರ್" ಎಂದು ನಗುತ್ತಾ ಕೂತಳು. ನಾನು ಎರಡನೇ ಪ್ರಶ್ನೆ ತೆಗೆದೆ. ವರ್ಷಗಟ್ಟಲೆ ಹತ್ತಾರು ಊರಿನಲ್ಲಿ ಬಳಸಿ ಪಳಗಿದ ಪ್ರಶ್ನೆ ಅದು. "ನಿಮ್ಮ ಮಕ್ಕಳು ಬೇರೆ ಧರ್ಮದವರ ಮನೆಗೆ ಹೋಗಿ ಅವರ ಹಾಡು ಕಲಿಯುವುದು ನಿಮಗೆ ಎಷ್ಟರ ಮಟ್ಟಿಗೆ ಒಪ್ಪಿಗೆ?"

ರೆಹಾನಾ ನಗು ನಿಲ್ಲಿಸಿದಳು.

"ಸಾರ್, ಇದನ್ನ ಅಕ್ಕ ಕೇಳ್ಕಂಡು ಬರ್ರಿ ಅಂದ್ರಾ?"

"ಛೆ, ಇಲ್ಲಮ್ಮ. ಇದು ಎಲ್ಲರಿಗೂ ಕೇಳುವ ಪ್ರಶ್ನೆ."

"ಎಲ್ಲಾರಿಗೂ ಅಂದ್ರೆ? ನಮ್ಮ ತಬಸ್ಸುಮ್ ಜೊತೆ ನಿಮ್ಮ ಮಕ್ಕಳು ಕೂಡೋದು ಒಪ್ಪಿಗೇನಾ ಅಂತ ಅವ್ರನ್ನೂ ಕೇಳ್ತೀರಾ?"

"ಖಂಡಿತ," ಎಂದೆ ನಾನು ಹೆಮ್ಮೆಯಿಂದ. "ಪ್ರಶ್ನೆ ಎರಡೂ ಕಡೆಗೆ ಸಮತೋಲನದಲ್ಲಿರಬೇಕು."

ಅವಳು ಎದ್ದು ಒಳಗೆ ಹೋದಳು. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ನಾನು ಚಹಾ ಮುಗಿಸಿ, "ಉತ್ತರಿಸಲು ನಿರಾಕರಣೆ" ಎಂದು ಗುರುತು ಹಾಕಿಕೊಂಡು ಬಂದೆ. ಇಂಥ ಜಾಣ ಯಾರ ಮನೆಯಲ್ಲೂ ಹುಟ್ಟಬಾರದು.

ಸಂಜೆ ತಬಸ್ಸುಮ್ ಪಾಠಕ್ಕೆ ಬರಲಿಲ್ಲ. ಪರೀಕ್ಷೆಗೆ ಓದಬೇಕಂತೆ ಎಂದು ಯಾವುದೋ ಮಗು ಸುದ್ದಿ ತಂದಿತು. ಶಾಲೆಗಳಿಗೆಲ್ಲ ಬೇಸಿಗೆ ರಜೆ! ಗಿರಿಜಾ ನನ್ನ ಕಡೆ ತಿರುಗಿದಳು.

"ಅವ್ರ ಮನ್ಯಾಗೆ ಏನು ಕೇಳಿ ಬಂದ್ರಿ?"

ಹೇಳಿದೆ. ಪ್ರಶ್ನೆಯನ್ನು ಅಕ್ಷರ ಬಿಡದೆ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಆ ಹುಡುಗಿ ನನ್ನ ಮಡಿಲಾಗೆ ಮಲಗಿ ಬೆಳೆದಾಳೆ," ಎಂದಳು ಅಷ್ಟೇ. ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಹರಿಹರದಲ್ಲಿ ಹರಿ ಮತ್ತು ಹರ ಒಂದೇ ವಿಗ್ರಹದಲ್ಲಿ ನೂರಾರು ವರ್ಷದಿಂದ ನೆಮ್ಮದಿಯಾಗಿ ನಿಂತಿದ್ದಾರೆ. ಕಾರಣ ಇಷ್ಟೇ. "ಪಕ್ಕದವರಿಂದ ನಿಮಗೆ ಎಷ್ಟು ತೊಂದರೆ, ಐದರಲ್ಲಿ ಒಂದನ್ನು ಆರಿಸಿ" ಎಂದು ಕೇಳಲು ಯಾವ ಪ್ರೊಫೆಸರೂ ಗರ್ಭಗುಡಿಯೊಳಗೆ ಹೋಗಿಲ್ಲ.

ಇಷ್ಟಾದ ಮೇಲೂ ಸುಮ್ಮನಿದ್ದರೆ ನಾನು ಪ್ರೊಫೆಸರ್ ಹೇಗಾದೇನು? ಕೆಡಿಸಿದ್ದನ್ನು ಶಾಸ್ತ್ರೀಯವಾಗಿಯೇ ಸರಿಪಡಿಸಲು ಹೊರಟೆ. ಭಿನ್ನಾಭಿಪ್ರಾಯ ಇರುವವರನ್ನು ಎದುರುಬದುರು ಕೂರಿಸಿ ಮಾತಾಡಿಸಿದರೆ ಮನಸ್ಸು ಮೆತ್ತಗಾಗುತ್ತದೆ ಎಂದು ನಾನು ಪ್ರತಿ ವರ್ಷ ಪಾಠ ಮಾಡುತ್ತೇನೆ. ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ. ಭಾನುವಾರ ಸಂಜೆ ನಮ್ಮ ಟೆರೇಸಿನ ಮೇಲೆ ಬೀದಿಯವರ ಸಭೆ ಕರೆದೆ. ಎಲ್ಲರಿಗೂ ಮಂಡಕ್ಕಿ, ಮಿರ್ಚಿ. ಕರಿದವಳು ಗಿರಿಜಾ.

ರೆಹಾನಾ ಮನೆಯವರು ಬರಲಿಲ್ಲ. ಉಳಿದವರೆಲ್ಲ ಬಂದರು. ನನ್ನ ಸಿದ್ಧಾಂತದ ಪ್ರಕಾರ ಮೆತ್ತಗಾಗಬೇಕಾದ ಮನಸ್ಸುಗಳು ಮಿರ್ಚಿ ತಿಂದು ಇನ್ನಷ್ಟು ಖಾರವಾದವು. "ಸ್ವಲ್ಪ" ಎಂದಿದ್ದವನು ಪಕ್ಕದವನ "ಬಹಳ" ಕೇಳಿ ತಾನೂ ಬಹಳಕ್ಕೆ ಏರಿದ. ಬಹಳದವರು ಸಹಿಸಲಸಾಧ್ಯಕ್ಕೆ ಹೋದರು. ಬೀದಿಯ ಆ ತುದಿಯಲ್ಲಿರುವ, ಹಾರ್ಮೋನಿಯಂ ಇರಲಿ, ಬ್ಯಾಂಡ್ ಬಾರಿಸಿದರೂ ಕೇಳಿಸದ ಮನೆಯವರೊಬ್ಬರು ತಮಗೆ ತಲೆನೋವು ಬರುತ್ತದೆ ಎಂದರು. ಸೈಲೆನ್ಸರ್ ಕಿತ್ತ ಬುಲೆಟ್ಟಿನಲ್ಲಿ ಬಂದ ಬಸವರಾಜಪ್ಪನವರ ಮಗ ಶಾಂತಿಯ ಮಹತ್ವದ ಬಗ್ಗೆ ಮಾತಾಡಿದ.

ಕೊನೆಗೆ ಬಸವರಾಜಪ್ಪನವರು ಎದ್ದರು. "ಅಮ್ಮಾರ ಬಗ್ಗೆ ನಮಗೆ ಗೌರವ ಐತೆ. ಆದ್ರೆ ಸ್ವತಃ ಸಾರೇ ಮನೆ ಮನೆಗೆ ಬಂದು ತೊಂದ್ರೆ ಐತಾ ಅಂತ ಕೇಳ್ಯಾರೆ. ಅಂದ್ರೆ ಅವ್ರಿಗೂ ತೊಂದ್ರೆ ಆಗಿರಬೇಕು, ಬಾಯಿಬಿಟ್ಟು ಹೇಳಕ್ಕಾಗಲ್ಲ, ಪಾಪ. ಈ ಮನ್ಯಾಗೆ ಪಾಠ ಬ್ಯಾಡ ಅನ್ನೋರು ಕೈ ಎತ್ರಿ."

ಕೈಗಳು ಎದ್ದವು. ಬೇಕು ಎನ್ನುವವರು ಎತ್ತಿ ಎಂದಾಗ ಪಾಠಕ್ಕೆ ಬರುವ ಮಕ್ಕಳ ತಾಯಂದಿರು ಕೆಲವರು ಅರ್ಧಂಬರ್ಧ ಎತ್ತಿದರು. ಗಿರಿಜಾ ಮೆಟ್ಟಿಲ ಬಳಿ ಮಿರ್ಚಿ ತಟ್ಟೆ ಹಿಡಿದು ನಿಂತವಳು ನನ್ನನ್ನೇ ನೋಡುತ್ತಿದ್ದಳು.

"ನೀವ್ಯಾಕ ಕೈ ಎತ್ಲಿಲ್ಲ?"

"ಸಂಶೋಧಕ ತಟಸ್ಥನಾಗಿರಬೇಕು," ಎಂದೆ.

ಅವಳು ನನ್ನ ಮುಂದಿದ್ದ ಪ್ಲೇಟನ್ನು ಎತ್ತಿಕೊಂಡು ಕೆಳಗೆ ಹೋದಳು. ಅದರಲ್ಲಿ ಇನ್ನೂ ಒಂದು ಮಿರ್ಚಿ ಇತ್ತು.

ಹೀಗೆ, ಯಾರಿಗೂ ಬೇಡವಾಗಿರದ ಪಾಠವೊಂದು ನನ್ನ ವೈಜ್ಞಾನಿಕ ಪರಿಶ್ರಮದಿಂದ ನಿಂತುಹೋಯಿತು. ಹರಿಹರದ ಕಾರ್ಯಕ್ರಮ ಕಣ್ಣೆದುರಿಗಿತ್ತು. ಹಾಡುವ ಹುಡುಗಿ ಇಲ್ಲ, ಹಾಡಿಸುವ ಜಾಗ ಇಲ್ಲ. ಗಿರಿಜಾ ಹಾರ್ಮೋನಿಯಂಗೆ ಬಟ್ಟೆ ಮುಚ್ಚಿ, ತವರಿಗೆ ಏನೆಂದು ಫೋನ್ ಮಾಡಲಿ ಎಂದು ತನಗೆ ತಾನೇ ಕೇಳಿಕೊಂಡಳು. ನನ್ನನ್ನು ಕೇಳಲಿಲ್ಲ. ಜನ ಯಾಕೆ ಸಿಟ್ಟಾಗುತ್ತಾರೆಂದು ಬಲ್ಲ ನಾನು ಅಡುಗೆಮನೆಯಲ್ಲಿ ನಿಂತು ಪಾತ್ರೆ ತೊಳೆದೆ.

ಮಾರನೇ ಬೆಳಿಗ್ಗೆ ಅವಳು ಎದುರು ಮನೆಗೆ ಹೋದಳು. ನಾನೂ ಬರಲೇ ಎಂದದ್ದಕ್ಕೆ ಅವಳು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದು ಬೇಡ. ಬಿಸಿಲೇರಿದ ಮೇಲೆ ಬಂದಳು. ಕೈಗೆ ಹಪ್ಪಳದ ಹಿಟ್ಟು ಮೆತ್ತಿತ್ತು.

"ಏನು ಮಾತಾಡಿದೆ?"

"ಹಪ್ಪಳ ಲಟ್ಟಿಸ್ತಿದ್ರು. ನಾನೂ ಕೂತು ಲಟ್ಟಿಸಿದೆ."

"ನನ್ನ ವಿಷಯ?"

"ನಮ್ಮನೆಯವ್ರು ಓದೀ ಓದೀ ಹಿಂಗಾಗ್ಯಾರೆ, ಮನಸಿಗೆ ಹಚ್ಕಬ್ಯಾಡ ಅಂದೆ. ರೆಹಾನಾ ನಕ್ಕಳು. ಆಮೇಲೆ ಅತ್ತಳು. ಮ್ಯಾಲಿನ ರೂಮು ಖಾಲಿ ಐತಂತೆ, ಇವತ್ತಿಂದ ಅಲ್ಲೇ ಪಾಠ."

ನಾನು ಇಷ್ಟು ವರ್ಷ ಪುಸ್ತಕದಲ್ಲಿ ಹುಡುಕಿದ ಸಹಿಷ್ಣುತೆ ಹಪ್ಪಳದ ಮಣೆಯ ಮೇಲೆ ಒಂದು ಬೆಳಿಗ್ಗೆಯಲ್ಲಿ ತಯಾರಾಯಿತು. ಒಂದೇ ಒಂದು ಷರತ್ತು ಇತ್ತಂತೆ. "ಅಕ್ಕ ಬರ್ಲಿ, ಮಕ್ಕಳು ಬರ್ಲಿ, ಪೆಟ್ಟಿಗೆ ಬರ್ಲಿ. ಸಾರ್ ಮಾತ್ರ ಒಳಗೆ ಬ್ಯಾಡ." ನೀನೇನು ಹೇಳಿದೆ ಎಂದು ಗಿರಿಜಾಳನ್ನು ಕೇಳಿದೆ. ತಕ್ಷಣ ಒಪ್ಪಿಕೊಂಡಳಂತೆ.

ಅದೇ ಬೀದಿ, ಅದೇ ಹಾರ್ಮೋನಿಯಂ, ಅದೇ ಮಕ್ಕಳು. ಮಹಡಿಯ ಮೇಲಿರುವುದರಿಂದ ಸದ್ದು ಈಗ ಹೆಚ್ಚೇ ಕೇಳಿಸುತ್ತದೆ. ಯಾರಿಂದಲೂ ಒಂದು ದೂರು ಇಲ್ಲ, ಯಾಕೆಂದರೆ ಯಾರೂ ಅವರನ್ನು ಕೇಳಿಲ್ಲ. ಬಸವರಾಜಪ್ಪನವರು ಮಿಷನ್ನನ್ನು ಬೀರುವಿನೊಳಗೆ ಇಟ್ಟು, ಮೊಮ್ಮಕ್ಕಳನ್ನು ತಾವೇ ಕೈಹಿಡಿದು ಎದುರು ಮನೆಗೆ ಬಿಟ್ಟುಬರುತ್ತಾರೆ. ಹರಿಹರದಲ್ಲಿ ತಬಸ್ಸುಮ್ ಹಾಡಿದಳು. ತವರಿನ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಗಿರಿಜಾ ಕಣ್ಣೊರೆಸಿಕೊಂಡದ್ದನ್ನು ನಾನು ಕೊನೆಯ ಸಾಲಿನಿಂದ ನೋಡಿದೆ. ಅಲ್ಲಿ ಕೂರಲು ನನಗೆ ಹೇಳಲಾಗಿತ್ತು.

ವಿಚಾರ ಸಂಕಿರಣದಲ್ಲಿ ನನ್ನ ಪ್ರಬಂಧವನ್ನೂ ಓದಿದೆ. ನಮ್ಮಲ್ಲಿ ಎಷ್ಟೇ ನಾಚಿಕೆಯಾದರೂ ಪ್ರಬಂಧ ಬಿಡುವ ಪದ್ಧತಿ ಇಲ್ಲ. ನಗರದ ಜನರ ಸಹಿಷ್ಣುತೆ ಕಳವಳಕಾರಿ ಮಟ್ಟದಲ್ಲಿದೆ ಎಂದು ಸಾಧಿಸಿದೆ. ಒಬ್ಬ ವಿದ್ಯಾರ್ಥಿನಿ ಎದ್ದು, "ನೀವು ಹೋಗಿ ಕೇಳೋ ಮುಂಚೆ ಹೆಂಗಿತ್ತು ಸಾರ್?" ಎಂದಳು. "ಆ ಕುರಿತು ದತ್ತಾಂಶ ಲಭ್ಯವಿಲ್ಲ," ಎಂದೆ. ಚಪ್ಪಾಳೆ ಬಿತ್ತು. ಶಾಲು ಹೊದಿಸಿದರು.

ಈಗ ಸಂಜೆಯಾದರೆ ಹಾರ್ಮೋನಿಯಂ ಹೊತ್ತು ರಸ್ತೆ ದಾಟಿಸುವುದು ನನ್ನ ಕೆಲಸ. ಎದುರು ಮನೆಯ ಗೇಟಿನ ತನಕ ನನಗೆ ಅನುಮತಿ ಇದೆ. ಅಲ್ಲಿಂದ ಮುಂದೆ ಮುಜೀಬ್ ಹೊರುತ್ತಾನೆ. ಬಟ್ಟೆ ಅಂಗಡಿ ಇಟ್ಟುಕೊಂಡಿರುವ ಸಭ್ಯ ಮನುಷ್ಯ, ನನ್ನನ್ನು ಕಂಡರೆ ಇವತ್ತಿಗೂ ಸಲಾಮ್ ಹೇಳುತ್ತಾನೆ. ಮೊನ್ನೆ ಪೆಟ್ಟಿಗೆಯನ್ನು ಅವನ ಕೈಗೆ ಕೊಡುವಾಗ ಬಾಯಿ ತಡೆಯಲಿಲ್ಲ.

"ಮುಜೀಬ್, ಪಾಠದಿಂದ ನಿಮಗೇನೂ ತೊಂದ್ರೆ ಇಲ್ಲಲ್ಲ?"

ಅವನು ಹಾರ್ಮೋನಿಯಂ ಎದೆಗವಚಿಕೊಂಡು ನನ್ನ ಮುಖ ನೋಡಿದ.

"ಈಗಿನ ತನಕ ಇರ್ಲಿಲ್ಲ ಸಾರ್," ಎಂದು ಕಾಲಿನಿಂದಲೇ ಗೇಟು ಹಾಕಿಕೊಂಡ.