ನನ್ನನ್ನು ಸಾಯಿಸಲು ಹೊರಟ ಚಿತ್ರೋತ್ಸವದ ಅಧ್ಯಕ್ಷರಿಗೆ

ಸಪ್ತಸಾಗರ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ ಹಾಗೂ ಚಿತ್ರ ಮಾರುಕಟ್ಟೆಯ ಮಾನ್ಯ ಅಧ್ಯಕ್ಷರಿಗೆ, ಸವಣೂರಿನಿಂದ ಹಾಲವ್ವ ಕೋಂ ಮಹಾಲಿಂಗಪ್ಪ ಎಲಿಗಾರ ಮಾಡುವ ಶರಣು ಶರಣಾರ್ಥಿಗಳು.

ಮಾನ್ಯರೇ,

ತಾವೂ, ತಮ್ಮ ಸಮಿತಿಯ ಹಿರಿಯರೂ, ಬಾಗಿಲಲ್ಲಿ ನಿಂತು ನನ್ನ ಎಲೆ ಅಡಿಕೆ ಚೀಲವನ್ನು ಮದ್ದುಗುಂಡಿನ ಚೀಲವೆಂಬಂತೆ ಬಿಚ್ಚಿಸಿ ನೋಡಿದ ಕಾವಲುಗಾರರೂ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ಮೊದಲು ನಾನು ಯಾರೆಂಬುದನ್ನು ಹೇಳಬೇಕಾಗಿದೆ, ಏಕೆಂದರೆ ತಾವು ನನ್ನ ಕೊರಳಿಗೆ ಹಾಕಿಸಿದ ಚೀಟಿಯಲ್ಲಿ ‘ಜೊತೆಗೆ ಬಂದವರು’ ಎಂದಷ್ಟೇ ಬರೆದಿತ್ತು. ನಾನು ಇಂದಿನವರೆಗೆ ಯಾರ ಜೊತೆಗೂ ಬಂದವಳಲ್ಲ. ಜನ ನನ್ನ ಜೊತೆಗೆ ಬರುತ್ತಾರೆ. ಚಿಕ್ಕೇರೂರಿನ ದೊಡ್ಡ ಮನೆತನದ ಮಗಳು, ಹಿರೇಕೆರೂರಿನ ಹೈಸ್ಕೂಲಿನಲ್ಲಿ ಕೊನೆಯ ಪರೀಕ್ಷೆಯನ್ನೂ ಪಾಸು ಮಾಡಿದವಳು, ಸವಣೂರಿನ ವೀಳ್ಯದೆಲೆ ತೋಟದವರ ಸೊಸೆಯಾಗಿ ಬಂದು, ಯಜಮಾನರು ಲಿಂಗೈಕ್ಯರಾದ ಮೇಲೆ ಆ ತೋಟವನ್ನೂ ಆಳುಗಳನ್ನೂ ಮೂವರು ಸೊಸೆಯಂದಿರನ್ನೂ ಒಂದೇ ದನಿಯಲ್ಲಿ ನಡೆಸಿಕೊಂಡು ಬಂದವಳು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲೂಕುಗಳಲ್ಲಿ ನಮಗೆ ಬೀಗರಿಲ್ಲದ ದೊಡ್ಡ ಊರಿಲ್ಲ, ಮತ್ತು ಹಾಲವ್ವ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡಳೆಂದು ಹೇಳುವ ಒಬ್ಬ ಬೀಗನೂ ಇಲ್ಲ.

ನನ್ನನ್ನು ಆಯಿ ಎಂದು ಕರೆಯುವ ಮೊಮ್ಮಗಳು ತನುಜಾ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿ, ಕೈಯಲ್ಲಿ ಪದವಿಯ ಜೊತೆಗೆ ಸಿನಿಮಾದ ಹುಚ್ಚನ್ನೂ ಹಿಡಿದುಕೊಂಡು ಬಂದಳು. ತನ್ನ ಎಲೆ ತೋಟವನ್ನು ಸೈಟು ಮಾಡಿ ಮಾರಲು ಒಪ್ಪದ ಒಬ್ಬ ಮುದುಕಿಯ ಕಥೆಯನ್ನು ಬರೆದು, ಆ ಮುದುಕಿಯ ಪಾತ್ರಕ್ಕೆ ನಾಲ್ಕು ತಾಲೂಕು ಹುಡುಕುವ ಕಷ್ಟ ತೆಗೆದುಕೊಳ್ಳದೆ ನನ್ನನ್ನೇ ನಿಲ್ಲಿಸಿದಳು. ಕ್ಯಾಮೆರಾ ಹಿಡಿದವನು ನಮ್ಮ ಓಣಿಯ ರಿಯಾಜ. ಅವನು ಮದುವೆಗಳ ವಿಡಿಯೊ ತೆಗೆಯುವವನಾದ್ದರಿಂದ, ನಾನು ದಲ್ಲಾಳಿಯನ್ನು ಬಯ್ಯುತ್ತಿರುವ ದೃಶ್ಯದಲ್ಲಿಯೂ ಅಭ್ಯಾಸಬಲದಿಂದ “ಆಯಿ, ಈ ಕಡೆ ನೋಡ್ರಿ, ಒಂಚೂರು ನಗ್ರಿ” ಎನ್ನುತ್ತಿದ್ದ. ಚಿತ್ರದ ಕೊನೆಯಲ್ಲಿ ಮುದುಕಿ ದಲ್ಲಾಳಿಯನ್ನು ತೋಟದಿಂದ ಹೊರಗೆ ಹಾಕಿ, ಉಳಿದ ಎಲೆಗಳನ್ನು ಕಟ್ಟಿ, ಮನೆಗೆ ನಡೆದುಕೊಂಡು ಹೋಗುತ್ತಾಳೆ. ಇದರಲ್ಲಿ ನಟನೆ ಎಂದು ನಾನೇನೂ ಮಾಡಲಿಲ್ಲ.

ಸಿನಿಮಾ ಮುಗಿದ ದಿನ ಮನೆಮಂದಿಯೆಲ್ಲ ಪಡಸಾಲೆಯಲ್ಲಿ ಕೂತಿದ್ದಾಗ ನಾನು ಒಂದು ಮಾತು ಆಡಿದೆ. “ನೋಡವಾ ತನುಜಾ, ನಮ್ಮ ಪೈಕಿ ಅಲ್ಲದವರು ಒಬ್ಬರಾದ್ರೂ ಈ ಸಿನಿಮಾ ಬೇಕಂತ ಕೇಳಿ ತಗೊಂಡ್ರ ನೀ ಇನ್ನೊಂದು ಮಾಡು, ನಾ ಅಡ್ಡ ಬರೂದಿಲ್ಲ. ಯಾರೂ ತಗೊಳ್ಳಲಿಲ್ಲಂದ್ರ ಕ್ಯಾಮೆರಾ ರಿಯಾಜಗ ಕೊಟ್ಟು, ಹಾನಗಲ್ಲದ ಹುಡುಗನ್ನ ನೋಡಾಕ ಹೂಂ ಅನ್ನಬೇಕು.” ಅವಳು ಹೂಂ ಎಂದಳು. ಹೀಗೆ ತಮ್ಮ ಸಮುದ್ರದ ದಂಡೆಯ ಉತ್ಸವಕ್ಕೆ ನಾನು, ತನುಜಾ, ರಿಯಾಜ ಮೂವರು ಬಂದದ್ದು ಸಮುದ್ರ ನೋಡಲು ಅಲ್ಲ ಎಂಬುದು ತಮ್ಮ ಗಮನಕ್ಕೆ ಇರಲಿ.

ಬಂದವರಿಗೆಲ್ಲ ತಾವು ಹಂಚಿದ, ಉತ್ಸವದ ಪೂರ್ಣ ಲಾಭ ಪಡೆಯುವುದು ಹೇಗೆಂದು ತಿಳಿಸುವ ಕೈಪಿಡಿಯನ್ನು ತನುಜಾ ನನಗೆ ಕನ್ನಡದಲ್ಲಿ ಹೇಳಿದಳು. ಪಂಚಾಂಗ ಬಿಟ್ಟರೆ ಇಷ್ಟು ಧೈರ್ಯವಾಗಿ ಭವಿಷ್ಯ ಹೇಳುವ ಪುಸ್ತಕವನ್ನು ನಾನು ಕಂಡಿಲ್ಲ. ಎದುರಿಗೆ ಸಿಕ್ಕವರಿಗೆ ಒಂದು ನಿಮಿಷದಲ್ಲಿ ಚಿತ್ರದ ಕಥೆ ಹೇಳಿ ಮನಸ್ಸು ಗೆಲ್ಲಬೇಕೆಂದು ಅದರಲ್ಲಿತ್ತು. ನಮ್ಮ ಕಡೆ ಒಂದು ನಿಮಿಷದಲ್ಲಿ ಆರಾಮ ಇದ್ದೀರಾ ಎಂದು ಕೇಳುವುದೂ ಮುಗಿಯುವುದಿಲ್ಲ. ಆದರೂ ತಮ್ಮ ಮಾತಿಗೆ ಬೆಲೆ ಕೊಟ್ಟು, ಲಿಫ್ಟಿನಲ್ಲಿ ಸಿಕ್ಕ ಸೂಟಿನವರೊಬ್ಬರಿಗೆ ಊರು ಯಾವುದು, ಮನೆತನ ಯಾವುದು, ಮಕ್ಕಳೆಷ್ಟು ಎಂದು ತನುಜಾಳ ಮೂಲಕ ಕೇಳಿಸುವಷ್ಟರಲ್ಲಿ ಅವರ ಮಹಡಿ ಬಂದುಬಿಟ್ಟಿತು. ಅಪರಿಚಿತರೊಂದಿಗೆ ಚಿತ್ರಗಳ ಬಗ್ಗೆ ಚರ್ಚಿಸಿರಿ ಎಂದೂ ಬರೆದಿತ್ತು. ಅದರಂತೆ, ಒಬ್ಬ ಮನುಷ್ಯ ಕಿಟಕಿಯಾಚೆ ನೋಡುತ್ತ ಕೂಡುವ ಚಿತ್ರಕ್ಕೆ ಹೋಗಿ, ಅವನು ಏಳುತ್ತಾನೆಂದು ಕಾದು ಕಾದು ನಿದ್ದೆ ಹೋಗಿ, ಎಚ್ಚರವಾದಾಗ ಅವನು ಅಲ್ಲಿಯೇ ಇರುವುದನ್ನು ಕಂಡು, ಹೊರಗೆ ಬಂದು ಪಕ್ಕದವರಿಗೆ “ಕಿಡಕಿ ಕಟಗಿ ಭಾಳ ಚಲೋ ಇತ್ರಿ” ಎಂದೆ. ತನುಜಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಅವರು ಕಣ್ಣು ಮುಚ್ಚಿ ತಲೆಯಾಡಿಸಿ, ಇಡೀ ಚಿತ್ರದ ಅರ್ಥವೇ ಅದು ಎಂದರಂತೆ.

ಮಾರುಕಟ್ಟೆ ಎಂದರೆ ನಮ್ಮ ಎಲೆ ಪೇಟೆಯಂಥದ್ದು, ಕೂಗಾಟ ಇರುತ್ತದೆ, ಹರಾಜಿನ ಸವಾಲು ಇರುತ್ತದೆ ಎಂದುಕೊಂಡಿದ್ದೆ. ಒಳಗೆ ಹೋಗಿ ನೋಡಿದರೆ ಅದು ಕನ್ಯೆ ನೋಡುವ ಶಾಸ್ತ್ರ. ಸಣ್ಣ ಸಣ್ಣ ಮೇಜುಗಳು, ಒಂದು ಕಡೆ ತಲೆ ಬಗ್ಗಿಸಿ ಕೂತ ಚಿತ್ರದವರು, ಇನ್ನೊಂದು ಕಡೆ ಗಂಡಿನ ಕಡೆಯವರ ಬಿಗುಮಾನದಲ್ಲಿ ಗಿರಾಕಿಗಳು. ಅವಲಕ್ಕಿ, ಚಹಾ ಕೊಡುವ ಪದ್ಧತಿಯೊಂದು ತಮ್ಮಲ್ಲಿ ಇರಲಿಲ್ಲ. ತಮ್ಮ ಮರ್ಯಾದೆ ಕಾಯಲೆಂದು ಆ ಕೊರತೆಯನ್ನು ನಾನು ನಮ್ಮೂರಿನ ಕುರುಕಲು ತಿಂಡಿ ಸವಣೂರು ಖಾರದ ಪೊಟ್ಟಣಗಳಿಂದ ತುಂಬಿದೆ. ಎಲ್ಲ ದೇಶದವರೂ ಖಾರ ತಿಂದರು, ಮೂಗು ಒರೆಸಿಕೊಂಡರು, ಚಿತ್ರ ಚೆನ್ನಾಗಿದೆ ಎಂದರು, ತಿಳಿಸುತ್ತೇವೆ ಎಂದರು. ನಮ್ಮ ನಾಲ್ಕು ತಾಲೂಕುಗಳಲ್ಲಿ “ತಿಳಸ್ತೇವ್ರಿ” ಎಂದು ಎದ್ದು ಹೋದ ಬೀಗರು ಎಂದೂ ತಿಳಿಸಿದ್ದಿಲ್ಲ. ಇಷ್ಟು ಪುರಾತನವಾದ ನಮ್ಮ ಸುಳ್ಳು ಅಂತರರಾಷ್ಟ್ರೀಯ ಮಟ್ಟಕ್ಕೆ ಏರಿದ್ದನ್ನು ಕಂಡು ನನಗೆ ಹೆಮ್ಮೆಯೇ ಆಯಿತು.

ಆದರೆ ಗಿರಾಕಿಗಳ ಪೈಕಿ ಪರದೇಶದ ಒಬ್ಬ ಹೆಣ್ಣುಮಗಳು, ಬಾಯಿಯವರು, ಮಾತ್ರ ತಿಳಿಸುತ್ತೇವೆ ಎನ್ನಲಿಲ್ಲ. ಅವರು ಕೂತರು, ಎರಡನೆಯ ಸಲ ಖಾರ ತೆಗೆದುಕೊಂಡರು, ತಾವು ನೇಮಿಸಿದ ಮಾರುಕಟ್ಟೆ ಸಲಹೆಗಾರರ ಕಿವಿಯಲ್ಲಿ ಏನೋ ಹೇಳಿದರು. ತುರುಬು ಕಟ್ಟಿಕೊಂಡ ಆ ಸಲಹೆಗಾರರು ಕನ್ನಡ ಬಲ್ಲವರು, ಮೇಜಿನ ಮೇಲೆ ಎರಡೂ ಕೈ ಜೋಡಿಸಿ, ವರದಿ ಬಂದ ಮೇಲೆ ಡಾಕ್ಟರರು ಮಾತಾಡುವ ದನಿಯಲ್ಲಿ, “ಒಂದೇ ಒಂದು ಬದಲಾವಣೆ. ಅಜ್ಜಿ ಕೊನೆಯಲ್ಲಿ ತೀರಿಕೊಳ್ಳಬೇಕು. ತೀರಿಕೊಂಡರೆ ಇವರು ತೆಗೆದುಕೊಳ್ಳುತ್ತಾರೆ” ಎಂದರು. ಅಜ್ಜಿ ಎದುರಿಗೇ ಕೂತಿದ್ದಾಳೆ ಎಂಬುದು ಅವರಿಗೆ ಅಡ್ಡಿಯಾಗಲಿಲ್ಲ. ಅಷ್ಟಕ್ಕೆ ನಿಲ್ಲದೆ, ವರದಾ ಹೊಳೆಯ ದಂಡೆ, ಸಂಜೆ, ಉರಿಯುವ ಚಿತೆ, ಹೊಗೆಯಲ್ಲಿ ಮಸುಕಾಗುವ ಮೊಮ್ಮಗಳು ಎಂದು ನನ್ನ ಮುಂದಿನ ವ್ಯವಸ್ಥೆಯನ್ನೂ ಮಾಡಿಬಿಟ್ಟರು.

ನಾನು ಅವರಿಗೆ ಶಾಂತವಾಗಿಯೇ ತಿಳಿಸಿ ಹೇಳಿದೆ, “ನಮ್ಮೊಳಗ ಸುಡೂದಿಲ್ರಿ. ಸತ್ತವರನ್ನ ಮಲಗಸೂದೂ ಇಲ್ಲ. ಹಣಿಗಿ ಇಬತ್ತಿ ಹಚ್ಚಿ, ಹೂ ಹಾಕಿ, ನೆಟ್ಟಗ ಕೂಡಿಸ್ತೇವ್ರಿ. ಕೂಡಿಸೇ ಮಣ್ಣು ಮಾಡ್ತೇವ್ರಿ.” ಸಲಹೆಗಾರರು ಸ್ವಲ್ಪ ಯೋಚಿಸಿ, ಕೂತ ಹೆಣ ಪರದೇಶದ ಪ್ರೇಕ್ಷಕರಿಗೆ ಅರ್ಥವಾಗುವುದಿಲ್ಲ, ಬೆಂಕಿ ಎಲ್ಲರಿಗೂ ಅರ್ಥವಾಗುತ್ತದೆ, ನಾಳೆಯವರೆಗೆ ವಿಚಾರ ಮಾಡಿರಿ ಎಂದರು. ಒಬ್ಬರ ಮನೆಯ ಹಿರಿಯಳ ಸಾವು, ಮಣ್ಣು ಎರಡನ್ನೂ ಒಂದು ಚಹಾ ಆರುವುದರೊಳಗೆ ಮುಗಿಸಿದ ಇಂಥ ಚುರುಕಿನ ಅಧಿಕಾರಿ ನಮ್ಮ ತಾಲೂಕು ಕಚೇರಿಗಳಲ್ಲಿ ಒಬ್ಬರಾದರೂ ಇದ್ದಿದ್ದರೆ ಎಂದು ನಾನು ಮನಸಾರೆ ಆಸೆಪಟ್ಟೆ.

ಮಾನ್ಯರೇ, ಆ ದಿನಗಳಲ್ಲಿ ತಮ್ಮ ಉತ್ಸವದ ಪರದೆಯ ಮೇಲೆ ನಾನು ಹೊರದೇಶದ ಮುದುಕಿಯರನ್ನೂ ನೋಡಿದೆ. ಒಬ್ಬಾಕೆ ಮೋಟಾರ್ ಸೈಕಲ್ಲು ಹತ್ತಿ ಬೆಟ್ಟ ದಾಟಿದಳು, ಇನ್ನೊಬ್ಬಾಕೆ ಎಪ್ಪತ್ತು ದಾಟಿದ ಮೇಲೆ ಹೊಸ ಗಂಡನನ್ನು ಮಾಡಿಕೊಂಡಳು, ಮತ್ತೊಬ್ಬಾಕೆ ಮಕ್ಕಳಿಗೆಲ್ಲ ಬೈದು ಸಮುದ್ರಕ್ಕೆ ಹಾರಿ, ಸಾಯಲು ಅಲ್ಲ, ಈಜಲು, ನಗುತ್ತ ಮೇಲೆದ್ದಳು. ಜಗತ್ತಿನ ಪಾಲಿನ ಸಾವನ್ನೆಲ್ಲ ನಮ್ಮ ಅಜ್ಜಿಯರ ಮೇಲೆಯೇ ಹೊರಿಸಿದ ಈ ವಿಶ್ವಾಸಕ್ಕೆ ನಾವು ಋಣಿಗಳು. ಆದರೂ ನನ್ನ ವಿನಮ್ರ ಕೋರಿಕೆ ಏನೆಂದರೆ, ಮುಂದಿನ ವರ್ಷದಿಂದ ಅಜ್ಜಿಯರ ಸಾವನ್ನು ಎಲ್ಲ ದೇಶಗಳಿಗೂ ಸಮನಾಗಿ ಹಂಚಿ, ನಮ್ಮ ಪಾಲಿಗೆ ಒಂದು ಮೋಟಾರ್ ಸೈಕಲ್ಲನ್ನೂ ಒಂದು ಸಮುದ್ರವನ್ನೂ ಮಂಜೂರು ಮಾಡಬೇಕು. ಹೊಸ ಗಂಡ ಬೇಡ, ಹಳೆಯವರಿಂದಲೇ ಸಾಕಾಗಿದೆ.

ಸಲಹೆಗಾರರು ಹಾಗೆ ಹೇಳಿದ ಮರುದಿನ ತನುಜಾ ನನ್ನನ್ನು ಇನ್ನೊಂದು ಚಿತ್ರಕ್ಕೆ ಕೂಡಿಸಿ, ರಿಯಾಜನನ್ನು ಬಾಗಿಲಲ್ಲಿ ನಿಲ್ಲಿಸಿ, ತಾನೊಬ್ಬಳೇ ಆ ಮೇಜಿಗೆ ಹೋಗಿ ಬಂದಳು. ಏನಾಯಿತೆಂದು ಕೇಳಿದರೆ, ಆಗಲಿಲ್ಲ ಆಯಿ ಎಂದಷ್ಟೇ ಹೇಳಿದಳು. ನಡೆದದ್ದನ್ನು ನನಗೆ ಹೇಳಿದವನು ರಿಯಾಜ, ತಿರುಗಿ ಬರುವಾಗ, ಶಿಗ್ಗಾಂವಿಯ ಬಸ್‌ಸ್ಟ್ಯಾಂಡಿನಲ್ಲಿ, ಅವಳು ನೀರಿನ ಬಾಟಲಿ ತರಲು ಹೋಗಿದ್ದಾಗ. “ಆಯಿ, ನನ್ನ ಹೆಸರು ಹೇಳಬ್ಯಾಡ್ರಿ. ‘ನಮ್ಮ ಆಯಿನ್ನ ಸಾಯಿಸಾಕ ನಾ ಸಿನಿಮಾ ಮಾಡಿಲ್ಲ’ ಅಂತ ಹೇಳಿ ಎದ್ದು ಬಂದ್ಲರಿ. ಆ ಬಾಯಾರು ಹಿಂದಿಂದ ಕರದ್ರೂ ತಿರುಗಿ ನೋಡಲಿಲ್ರಿ.”

ಮನೆಗೆ ಬಂದ ಮೇಲೆ ಅವಳು ಅಳಲಿಲ್ಲ, ವಾದ ಮಾಡಲಿಲ್ಲ. ಕ್ಯಾಮೆರಾವನ್ನು ಒರೆಸಿ, ಚೀಲದಲ್ಲಿ ಹಾಕಿ, ರಿಯಾಜನ ಮನೆಗೆ ಕೊಟ್ಟು ಬಂದು, “ಆಯಿ, ಹಾನಗಲ್ಲದವರಿಗೆ ಯಾವಾಗ ಬರ್ರಿ ಅಂತ ಹೇಳ್ತೀರಿ?” ಎಂದು ಕೇಳಿದಳು. ಅವಳೂ ಮಾತಿಗೆ ನಿಲ್ಲುವ ಹುಡುಗಿ. ಆ ಕೆಟ್ಟ ಗುಣ ಯಾರಿಂದ ಬಂತೆಂದು ನಾನು ಹುಡುಕಲು ಹೋಗುವುದಿಲ್ಲ. ಆ ದಿನದಿಂದ ಅವಳು ತೋಟದಲ್ಲಿ ಎಲೆ ಕಟ್ಟಲು ಕೂತರೆ ತಲೆ ಎತ್ತುತ್ತಿರಲಿಲ್ಲ. ಮನೆಯಲ್ಲಿ ಎಲ್ಲರ ಕಣ್ಣೂ ನನ್ನ ಮೇಲೆ. ಹಿರಿಯ ಸೊಸೆ ಶೀಲಾ, ಆ ಹುಡುಗಿಯ ತಾಯಿ, ಜೀವಮಾನದಲ್ಲಿ ಮೊದಲ ಸಲ ನನ್ನೆದುರು ನಿಂತು, “ಅತ್ತಿ, ಒಂದು ಮಾತು ಹಿಂದಕ್ಕ ತಗೊಂಡ್ರ ಏನಾಗತೈತ್ರಿ?” ಎಂದಳು.

ಏನಾಗುತ್ತದೆಂದು ನನಗೆ ಗೊತ್ತಿಲ್ಲ, ಏಕೆಂದರೆ ಎಂದೂ ತೆಗೆದುಕೊಂಡಿಲ್ಲ. ಎರಡೂ ದಾರಿಗಳನ್ನು ತೂಗಿ ನೋಡಿದೆ. ಮಾತು ಹಿಂದಕ್ಕೆ ತೆಗೆದುಕೊಳ್ಳುವುದಕ್ಕಿಂತ ಸಾಯುವುದು ಸುಲಭವೆನ್ನಿಸಿತು. ಅಲ್ಲದೆ ನನ್ನ ಸಾವನ್ನು ಬೇಡವೆನ್ನಲು ಈ ಹುಡುಗಿಗೆ ಅಧಿಕಾರ ಕೊಟ್ಟವರು ಯಾರು?

ಆದ್ದರಿಂದ, ಮಾನ್ಯರೇ, ಕಳೆದ ಗುರುವಾರ ನಾನು ಸತ್ತೆ. ತಮ್ಮ ಸಲಹೆಗಾರರ ಪ್ರಕಾರವಲ್ಲ, ನಮ್ಮ ಪದ್ಧತಿಯ ಪ್ರಕಾರ. ಪಡಸಾಲೆಯಲ್ಲಿ ಯಜಮಾನರ ತೋಳಿನ ಕುರ್ಚಿಗೆ ಬಾಳೆಕಂಬ ಕಟ್ಟಿಸಿ, ಒಳ್ಳೆಯ ಇಳಕಲ್ ಸೀರೆ ಉಟ್ಟು, ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿ, ಹಣೆತುಂಬ ವಿಭೂತಿ ಹಚ್ಚಿಸಿಕೊಂಡು ನೆಟ್ಟಗೆ ಕೂತೆ. ರಿಯಾಜನಿಗೆ ಕ್ಯಾಮೆರಾ ಹಿಡಿಸಿ, ಮಠದ ಅಯ್ಯನವರನ್ನೂ ಕರೆಸಿದ್ದೆ. ಅವರು ಅಂಗಳದಿಂದಲೇ “ಸುಳ್ಳು ಸಾವಿಗೆ ಬರಾಕ ಬರೂದಿಲ್ಲವಾ, ಖರೇ ಸತ್ತಾಗ ತಪ್ಪದ ಬರ್ತೇವಿ” ಎಂದು ಭರವಸೆ ಕೊಟ್ಟು ಹೋದರು. ತನುಜಾ “ನನಗ ಈ ಸಿನಿಮಾನ ಬ್ಯಾಡ” ಎಂದು ಕೈ ಹಿಡಿದುಕೊಂಡಾಗ “ನಿನ್ನ ಕೇಳಿದವರ್ಯಾರು? ಸುಮ್ಮನ ನಿಂತು ಕೆಲಸ ನೋಡು” ಎಂದು ಗದರಿಸಿ ಕಣ್ಣು ಮುಚ್ಚಿದೆ. ರಿಯಾಜ ಈ ಸಲ ನಗಲು ಹೇಳಲಿಲ್ಲ. ಓಣಿಯ ಹೆಂಗಸರು ಭಜನೆ ಎತ್ತಿಕೊಂಡರು, ಮೂಗಿನ ಮೇಲೆ ನೊಣ ಕೂತಿತು, ನಾನು ಅಲುಗಾಡಲಿಲ್ಲ.

ಎಲ್ಲ ಸರಿಯಾಗಿಯೇ ನಡೆದಿತ್ತು. ಆದರೆ ರಿಯಾಜನ ಅಜ್ಜಿ ಹಾಜರಾಬಿ, ಮದುವೆಯಾಗಿ ಬಂದ ವರ್ಷದಿಂದ ನನ್ನ ಗೆಳತಿ, ಇದೆಲ್ಲ ಸಿನಿಮಾ ಎಂದು ಚೆನ್ನಾಗಿ ಗೊತ್ತಿದ್ದೂ ಒಳಗೆ ಬಂದು ನೋಡಿದವಳೇ ತಡೆಯಲಾರದೆ ನನ್ನ ಭುಜ ಹಿಡಿದು, “ಏಳ ಹಾಲವ್ವ, ಏಳ. ಸಾಕ ಮಾಡ ಇದನ್ನ. ನನಗ ನೋಡಾಕ ಆಗವಲ್ದು” ಎಂದು ಅಲ್ಲಾಡಿಸತೊಡಗಿದಳು. ಸತ್ತವಳಿಗೂ ಒಂದು ಮಿತಿ ಇದೆ. ನಾನು ಕಣ್ಣು ತೆರೆದು, “ಹಾಜರಾ, ಸೆರಗ ಬಿಡ. ಇಷ್ಟೊತ್ತು ಕುಂತದ್ದೆಲ್ಲ ದಂಡ ಮಾಡಿದಿ” ಎಂದು ಬೈದು, ಮಾಲೆ ತೆಗೆದು ಅವಳ ಕೊರಳಿಗೆ ಹಾಕಿ, ಅವಳ ಕೈ ಹಿಡಿದುಕೊಂಡು ಚಹಾ ಮಾಡಿಸಲು ಒಳಗೆ ಹೋದೆ. ಭಜನೆಯ ಹೆಂಗಸರು ನಗುವುದೋ ಹಾಡುವುದೋ ತಿಳಿಯದೆ ಎರಡನ್ನೂ ಮಾಡಿದರು. ತನುಜಾ ‘ಕಟ್’ ಹೇಳಲಿಲ್ಲ. ಬಾಯಿ ಮೇಲೆ ಸೆರಗು ಒತ್ತಿಕೊಂಡು ನಿಂತಿದ್ದಳಂತೆ. ಕ್ಯಾಮೆರಾ ಓಡುತ್ತಲೇ ಇತ್ತು.

ಚಿತ್ರದ ಕೊನೆ ಈಗ ಇದೇ. ಅಜ್ಜಿ ಸಾಯಬೇಕೆಂದು ತಾವು ಹೇಳಿಸಿದ್ದಿರಿ, ಸತ್ತಿದ್ದಾಳೆ. ಎಷ್ಟು ಹೊತ್ತು ಎಂದು ಹೇಳಿಸಿರಲಿಲ್ಲ. ತಮ್ಮ ಸಲಹೆಗಾರರಿಗೆ ತೊಂದರೆ ಕೊಡದೆ ನೇರವಾಗಿ ಆ ಪರದೇಶದ ಬಾಯಿಯವರಿಗೇ ಕಳಿಸಿದೆವು. ಅವರು ಚಿತೆ ಎಲ್ಲಿ ಎಂದು ಕೇಳಲಿಲ್ಲ, ತಿಳಿಸುತ್ತೇವೆ ಎನ್ನಲಿಲ್ಲ, ಬೇಕು ಎಂದು ಬರೆದರು, ಮತ್ತು ಹಾಜರಾಬಿಯ ಆರೋಗ್ಯ ವಿಚಾರಿಸಿದರು. ನಿನ್ನೆ ಬೆಳಿಗ್ಗೆ ನಾನೇ ಹಾನಗಲ್ಲಕ್ಕೆ ಫೋನು ಮಾಡಿ, ಹುಡುಗನನ್ನು ಕರೆದುಕೊಂಡು ಬರುವ ತ್ರಾಸು ತೆಗೆದುಕೊಳ್ಳಬೇಡಿರೆಂದು ಹೇಳಿ ಮುಗಿಸಿದ್ದೇನೆ.

ಸತ್ತೂ ಆಡಿದ ಮಾತು ಉಳಿಸಿಕೊಂಡ,
ತಮ್ಮ ವಿಶ್ವಾಸಿ,
ಹಾಲವ್ವ ಕೋಂ ಮಹಾಲಿಂಗಪ್ಪ ಎಲಿಗಾರ
ಸವಣೂರು

ತಾ.ಕ.: ತಮ್ಮ ಸಲಹೆಗಾರರು ಇನ್ನೊಬ್ಬ ಅಜ್ಜಿಗೆ ಸಾವನ್ನು ಸೂಚಿಸುವ ಮೊದಲು ಒಮ್ಮೆ ಸವಣೂರಿಗೆ ಬಂದು ತಾವೇ ಕೂತು ನೋಡಬೇಕಾಗಿ ವಿನಂತಿ. ಕುರ್ಚಿಯ ಬಾಳೆಕಂಬ ಇನ್ನೂ ಬಿಚ್ಚಿಸಿಲ್ಲ, ಅವರ ಅಳತೆಗೂ ಸರಿಹೋಗುತ್ತದೆ, ಹೂವಿನ ಖರ್ಚು ನಮ್ಮದು.